ನೆಲದ ಮೇಲೆ ಬರೆದ ಮನೆಗಳು

ನನ್ನ ಹೆಂಡತಿ ವಡಾಲದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. ಪತ್ರಿಕೆಯ ಸುದ್ದಿಮೇಜಿನಿಂದ ನಿವೃತ್ತನಾದ ಮೇಲೆ ನಾನೂ ಆಗಾಗ ಅವಳ ತರಗತಿಗೆ ಹೋಗತೊಡಗಿದೆ. ಪಾಠ ಮಾಡಲಿಕ್ಕಲ್ಲ, ಸಾಮಾನು ಹೊರಲಿಕ್ಕೆ. ಪಾಠಕ್ಕೆಂದು ಅವಳು ಕೂಡಿಡುವ ಸಾಮಾನು ಸಯನ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯನ್ನು ತುಂಬಿ ಒಳಗೂ ಬಂದಿತ್ತು. ಮಾಟುಂಗದ ಹೋಟೆಲೊಂದು ದರ ಏರಿಸಿದಾಗ ಬಿಸಾಡಿದ ಮೆನು ಕಾರ್ಡುಗಳು ಬಿಲ್ಲಿನ ಲೆಕ್ಕಕ್ಕೆ ಬಂದವು. ಮಕ್ಕಳಲ್ಲಿ ಒಬ್ಬ ವೇಟರ್, ಒಬ್ಬ ಗಲ್ಲಾಪೆಟ್ಟಿಗೆಯ ಸೇಟು, ಉಳಿದವರೆಲ್ಲ ಗಿರಾಕಿಗಳು. ಹಾರ್ಬರ್ ಲೈನಿನ ಸ್ಟೇಷನ್ನುಗಳ ಹೆಸರು ಬರೆದ ಬಟ್ಟೆಯ ಪಟ್ಟಿಗಳಿದ್ದವು. ಅವನ್ನು ಕೊರಳಿಗೆ ಹಾಕಿಕೊಂಡು ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು, ಒಬ್ಬ ಲೋಕಲ್ ಆಗಿ ಓಡುತ್ತಿದ್ದ. ಪುಸ್ತಕ ತೆರೆದರೆ ಆಕಳಿಸುವ ಮಕ್ಕಳು ಇವಕ್ಕೆಲ್ಲ ಜಗಳವಾಡಿ ಮುಂದೆ ಬರುತ್ತಿದ್ದರು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರುತ್ತಿದ್ದಳು. ವಿಜಯಪುರದ ಕಡೆಯವರು. ಅಪ್ಪ ಅಮ್ಮ ಇಬ್ಬರೂ ವಡಾಲದಲ್ಲೇ ಕಟ್ಟುತ್ತಿದ್ದ ಒಂದು ಟವರಿನ ಸೈಟಿನಲ್ಲಿ ದುಡಿಯುತ್ತಿದ್ದರು, ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ವಾಸ. ತಮ್ಮ ಆಗಷ್ಟೇ ಹೆಜ್ಜೆ ಕಲಿಯುತ್ತಿದ್ದ. ಮೊದಮೊದಲು ಹೆಡ್ ಟೀಚರ್ ಒಪ್ಪಲಿಲ್ಲವಂತೆ. “ಇದು ಬಾಲವಾಡಿಯಾ?” ಎಂದು ಕೇಳಿದರಂತೆ. ನನ್ನವಳು, “ಕೂಸನ್ನು ಬೇಡ ಅಂದರೆ ಅವಳೂ ಬರುವುದಿಲ್ಲ, ಮೇಡಂ. ನನಗೆ ಅವಳು ಬೇಕು” ಅಂದಳು. ಆಮೇಲೆ ಆ ಮಾತು ಏಳಲಿಲ್ಲ. ತರಗತಿಯ ಹಿಂದಿನ ಮೂಲೆಯಲ್ಲಿ ಹಳೆಯ ಸೀರೆ ಹಾಸಿತ್ತು, ಕೂಸು ಅಲ್ಲಿ ಮಲಗುತ್ತಿತ್ತು. ಎದ್ದಾಗ ಬೆಂಚಿನಿಂದ ಬೆಂಚಿಗೆ ಹೋಗಿ ಸಿಕ್ಕ ರಬ್ಬರನ್ನೆಲ್ಲ ಬಾಯಿಗೆ ಹಾಕುತ್ತಿತ್ತು.

ದೀಪಾವಳಿ ರಜೆ ಮುಗಿದ ಮೇಲೆ ವಿಸ್ತೀರ್ಣದ ಪಾಠ ಬಂತು. ಶಿಕ್ಷಕರಿಗೆಂದೇ ಇರುವ ಯಾವುದೋ ವೆಬ್‌ಸೈಟಿನಲ್ಲಿ ನನ್ನವಳು ಒಂದು ಚಟುವಟಿಕೆ ನೋಡಿದಳು. ಮಕ್ಕಳು ಮನೆಯನ್ನು ಅಳೆದು, ಅಡಿಗೆ ಒಂದು ಸೆಂಟಿಮೀಟರಿನಂತೆ ಇಳಿಸಿ, ಚೌಕುಳಿ ಹಾಳೆಯ ಮೇಲೆ ನಕ್ಷೆ ತೆಗೆಯಬೇಕು. ಅವಳು ಓದಿ, “ನಮ್ಮ ಮಕ್ಕಳ ಮನೆಯನ್ನು ಇಳಿಸುವುದು ಎಂತದಕ್ಕೆ? ಇದ್ದ ಹಾಗೇ ಬರೆದರೂ ಪ್ರಾರ್ಥನಾ ಹಾಲಿನಲ್ಲಿ ಹಿಡಿಯುತ್ತದೆ” ಅಂದಳು. ನನ್ನ ಕಡೆ ತಿರುಗಿ, “ನೀವು ಶನಿವಾರ ಬನ್ನಿ. ದಾರ ಹಿಡಿಯಲಿಕ್ಕೆ ಒಬ್ಬರು ಬೇಕು” ಅಂದಳು.

ಶನಿವಾರ ಮಕ್ಕಳು ಅಳತೆ ತಂದರು. ಚಾಳಿನ ಹುಡುಗನೊಬ್ಬ ಮನೆಯನ್ನು ನೆಲಕ್ಕೆ ಹಾಸಿದ ಲಾದಿ ಕಲ್ಲು ಎಣಿಸಿ ಅಳೆದಿದ್ದ. ಇನ್ನೊಬ್ಬಳು ಅಮ್ಮನ ಸೀರೆಯಿಂದ ಅಳೆದು, ಆ ಸೀರೆಯನ್ನೇ ಸುತ್ತಿ ತಂದಿದ್ದಳು. ಕೂಸಿನ ಅಕ್ಕ ಅಪ್ಪನ ಟೇಪು ತಂದಿದ್ದಳು. ಸೀಮೆಸುಣ್ಣ ಹಿಡಿದು ಎಲ್ಲರೂ ನೆಲಕ್ಕೆ ಬಗ್ಗಿದರು. ನಾನು ದಾರದ ತುದಿ ಹಿಡಿದು ಕೂತೆ. ನನ್ನವಳು ಹೇಳಿದ್ದು ನಿಜವಾಗಿತ್ತು. ಗೋಡೆಗೆ ಗೋಡೆ ತಾಗಿಸಿ ಬರೆದಾಗ, ತರಗತಿಯ ಎಲ್ಲರ ಮನೆಗಳೂ ಒಂದೇ ಹಾಲಿನಲ್ಲಿ ಹಿಡಿದವು. ಸ್ಟೇಜಿನ ಕೆಳಗೆ ಜಾಗ ಇನ್ನೂ ಉಳಿದಿತ್ತು.

“ಏಯ್, ನಿನ್ನ ಮೋರಿ ನಮ್ಮ ಕಿಚನ್‌ನಲ್ಲಿ ಬಂತು!”

“ತೋ ಕ್ಯಾ ಹುವಾ? ನಿಮ್ಮಮ್ಮ ಪಾತ್ರೆ ಅಲ್ಲೇ ತೊಳೀಲಿ.”

“ಟೀಚರ್, ಇವನು ಬಾಗಿಲೇ ಇಟ್ಟಿಲ್ಲ. ಒಳಗೆ ಹೇಗೆ ಹೋಗ್ತಾನೆ?”

“ಖಿಡಕಿಯಿಂದ. ಚೋರ್ ಹೈ ವೋ.”

ಕೂಸಿಗೆ ಆ ದಿನ ಹಬ್ಬ. ಎಲ್ಲರ ಮನೆಯೊಳಗೂ ಕೇಳದೆ ಹೋಗಿ, ಕೂತು, ಗೆರೆ ಅಳಿಸುತ್ತಿತ್ತು. ಮನೆಯ ಯಜಮಾನರು ಬಯ್ಯುತ್ತ ಮತ್ತೆ ಬರೆಯುತ್ತಿದ್ದರು.

ಲೆಕ್ಕಕ್ಕೆ ಕೂತಾಗ ಒಂದು ತಪ್ಪು ಎಲ್ಲರಲ್ಲೂ ಕಂಡಿತು. ಪ್ರತಿಯೊಬ್ಬರೂ ಬಾಗಿಲಿನ ಹೊರಗಿನ ಜಾಗವನ್ನೂ ಮನೆಗೆ ಸೇರಿಸಿದ್ದರು. ಚಾಳಿನ ಗ್ಯಾಲರಿಯಲ್ಲಿ ನೀರಿನ ಡ್ರಮ್ ಇಡುವಷ್ಟು ಜಾಗ, ಚಪ್ಪಲಿಯ ಜಾಗ, ಅಜ್ಜ ರಾತ್ರಿ ಮಲಗುವ ಜಾಗ. ಹೊರಗಿನದು ಮನೆಯ ವಿಸ್ತೀರ್ಣಕ್ಕೆ ಬರುವುದಿಲ್ಲ ಎಂದು ನನ್ನವಳು ವಿವರಿಸಿದಳು. ಲಾದಿ ಎಣಿಸಿದ್ದ ಹುಡುಗ ಒಪ್ಪಲಿಲ್ಲ. “ಡ್ರಮ್ ನಮ್ಮದೇ ಟೀಚರ್. ಮೇಲೆ ಹೆಸರು ಬರೆದಿದೆ” ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕೊನೆಗೆ ಡ್ರಮ್ಮುಗಳೆಲ್ಲ ಹೊರಗುಳಿದವು.

ಟೇಪಿನ ಹುಡುಗಿ ಮಾತ್ರ ಇನ್ನೂ ಬರೆಯುತ್ತಿದ್ದಳು. ಅವಳ ಶೆಡ್ಡು ಎಲ್ಲರದಕ್ಕಿಂತ ಚಿಕ್ಕದು, ಬೇಗ ಮುಗಿದಿತ್ತು. ಈಗ ಅವಳು ಶೆಡ್ಡಿನ ಬಾಗಿಲಿನಿಂದ ಹೊರಟು, ಬೇರೆ ಮಕ್ಕಳ ಮನೆಗಳನ್ನು ದಾಟಿ, ಟೇಪು ಹಿಡಿದು ಸ್ಟೇಜಿನ ಹತ್ತಿರ ಬಂದು, ಅಲ್ಲಿ ಒಂದು ದೊಡ್ಡ ಚೌಕ ಬರೆದಳು.

“ಇದೆಂತದು?” ನನ್ನವಳು ಕೇಳಿದಳು.

“ನೀರಿನ ಟಾಕಿರಿ. ಸಿಮೆಂಟಿಗೆ ನೀರು ಹೊಡೀತಾರಲ್ರಿ, ಅದು.”

“ಅದು ನಿಮ್ಮದಾ?”

“ಅಲ್ರಿ. ಕಂಪನಿದು.”

“ಮತ್ತೆ ಮನೆ ಲೆಕ್ಕದಲ್ಲಿ ಯಾಕೆ?”

ಹುಡುಗಿ ಚೌಕವನ್ನು ನೋಡಿದಳು. “ಅಲ್ಲೇ ಇರ್ತೈತಲ್ರಿ,” ಅಂದಳು. ನನ್ನವಳು ಒತ್ತಾಯ ಮಾಡಲಿಲ್ಲ. ಚೌಕ ಹಾಗೇ ಉಳಿಯಿತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ನಾನೂ ಅಲ್ಲಿದ್ದಾಗಲೇ, ಆ ಹುಡುಗಿ ಹಾಜರಿ ಹೇಳಿದ ಕೂಡಲೇ ಎದ್ದು ನಿಂತು, “ಟೀಚರ್, ನಮ್ಮ ಬಿಲ್ಡಿಂಗ್ ಮುಗೀತ್ರಿ” ಅಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. “ಪಾರ್ಟಿ, ಪಾರ್ಟಿ!” ಎಂದು ಹಿಂದಿನ ಬೆಂಚು ಕೂಗಿತು. ನನ್ನವಳು ಚಪ್ಪಾಳೆ ತಟ್ಟಲಿಲ್ಲ. ಒಂದು ಸೈಟು ಮುಗಿದರೆ ಕೂಲಿಯವರ ಮುಕಾದಮ ಅದೇ ಜನರನ್ನು ಇನ್ನೊಂದು ಸೈಟಿಗೆ ಒಯ್ಯುತ್ತಾನೆ, ಟೆಂಪೋ ಬರುವ ಹಿಂದಿನ ದಿನವಷ್ಟೇ ಊರಿನ ಹೆಸರು ಹೇಳುತ್ತಾನೆ. ವರ್ಷದ ನಡುವೆ ಹೀಗೆ ಹೋದ ಮಕ್ಕಳನ್ನು ಅವಳು ಬಹಳ ನೋಡಿದ್ದಳು. ಆದರೆ ಇವಳು ವಾರ್ಷಿಕ ಪರೀಕ್ಷೆಗೆ ಇಷ್ಟು ಹತ್ತಿರ ಬಂದಿದ್ದಳು.

ಅಂದೇ ಸಂಜೆ ಇಬ್ಬರೂ ಸೈಟಿಗೆ ಹೋದೆವು. ತಂದೆ ಶೆಡ್ಡಿನ ತಗಡು ಬಿಚ್ಚುತ್ತಿದ್ದ. ಹೊಸ ಸೈಟಿನಲ್ಲೂ ಅವೇ ತಗಡು ಬೇಕು. ತಾಯಿ ಪಾತ್ರೆ ತಿಕ್ಕುತ್ತಿದ್ದಳು. ಪನ್ವೆಲಿನ ಆಚೆ ಎಲ್ಲಿಗೋ, ಎಂದು ಹೇಳಿದರು. ಅಲ್ಲಿ ಕನ್ನಡ ಶಾಲೆ ಇದೆಯೋ ಇಲ್ಲವೋ ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು, ಇಲ್ಲ.

ನನ್ನವಳು ದಾರಿಯಲ್ಲಿ ನನ್ನನ್ನು ಕೇಳಿಯೇ ಬಂದಿದ್ದಳು. “ಪರೀಕ್ಷೆ ಮುಗಿಯುವವರೆಗೆ ಹುಡುಗಿ ನಮ್ಮ ಮನೆಯಲ್ಲಿ ಇರಲಿ,” ಅಂದಳು. “ಸಯನ್‌ನಲ್ಲಿದ್ದೇವೆ. ನಾವಿಬ್ಬರೇ. ನನ್ನ ಜೊತೆ ಬರ್ತಾಳೆ, ನನ್ನ ಜೊತೆ ಹೋಗ್ತಾಳೆ. ಏಪ್ರಿಲ್‌ನಲ್ಲಿ ನಾವೇ ತಂದು ಬಿಡ್ತೇವೆ.”

ತಂದೆ ತಗಡು ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಕೂಸಿನ್ನ ಯಾರ್ ನೋಡ್ಬೇಕ್ರಿ ಅಕ್ಕಾರ?”

“ಅವನೂ ಬರಲಿ.”

“ಮಲಿ ಕುಡಿಯೂ ಕೂಸು ಐತ್ರಿ ಅದು.” ಅವಳು ಪಾತ್ರೆಯನ್ನು ಬೋರಲು ಹಾಕಿದಳು. “ಇವ್ನ ಮುಂಚೆ ಒಬ್ಬ ಇದ್ದನ್ರಿ. ಹಿಂದಿನ ಸೈಟಿನ್ಯಾಗ. ಟಾಕಿ ಮ್ಯಾಲ ಮುಚ್ಚಿಗಿ ಇದ್ದಿಲ್ಲ. ನಾವಿಬ್ರೂ ಮ್ಯಾಲ ಸ್ಲ್ಯಾಬಿನ್ಯಾಗ ಇದ್ವಿ.” ಹುಡುಗಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಸ್ವಲ್ಪ ದೂರ ನಿಂತಿದ್ದಳು. ತಾಯಿ ದನಿ ಇಳಿಸಲಿಲ್ಲ. “ಆವತ್ತು ಈಕಿ ಸಾಲಿಗ್ ಹೋಗಿದ್ಲ್ರಿ.”

ಶೆಡ್ಡಿನ ಬಾಗಿಲಿನಿಂದ ಟಾಕಿ ಕಾಣುತ್ತಿತ್ತು, ನೆಲದ ಮಟ್ಟಕ್ಕೆ ಕಟ್ಟಿದ್ದು. ಅದರ ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಇಟ್ಟಿಗೆ ಹೇರಿದ್ದರು. ಅದು ತನ್ನ ಅಪ್ಪ ಮಾಡಿದ್ದೆಂದು ಹುಡುಗಿ ಆಮೇಲೆ ಹೇಳಿದಳು.

ನನ್ನವಳು ಅವಳ ಹತ್ತಿರ ಹೋದಳು. “ನೀನು ಏನು ಹೇಳ್ತೀ, ಮಗಾ? ಪರೀಕ್ಷೆ ಬರೀಬೇಕು ಅಂತ ಉಂಟಾ?”

“ಬರೀಬೇಕಂತ ಐತ್ರಿ.”

“ಮತ್ತೆ?”

ಹುಡುಗಿ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು. “ನಾ ಇವ್ನ ಜೋಡಿ ಹೋಗ್ತೀನ್ರಿ ಟೀಚರ್.”

ಮರುದಿನ ಟೆಂಪೋ ಬಂತು. ಶಾಲೆಯಲ್ಲಿ ಅವಳ ಹೆಸರು ಬಂದಾಗ ಮಕ್ಕಳು, “ಗಾಂವ್ ಗಯೀ” ಎಂದು ಹೇಳಿದರು. ಅವಳು ಊರಿಗೆ ಹೋಗಿರಲಿಲ್ಲ. ಆ ಮಕ್ಕಳಿಗೆ ಹೋಗುವುದೆಂದರೆ ಊರಿಗೇ.

ನನ್ನವಳು ಹೆಡ್ ಟೀಚರ್ ಹತ್ತಿರ ಹೋಗಿ ಏನು ಮಾತಾಡಿದಳೋ ನನಗೆ ತಿಳಿಯದು. ಅವರು ದೊಡ್ಡ ಮನಸ್ಸು ಮಾಡಿ, “ಪೇಪರು ನೀವೇ ಒಯ್ದು ಬರೆಸಿಕೊಂಡು ಬನ್ನಿ” ಅಂದರಂತೆ. ಏಪ್ರಿಲ್‌ನ ಒಂದು ಭಾನುವಾರ ವಡಾಲದಿಂದ ಪನ್ವೆಲ್ ಲೋಕಲ್ ಹಿಡಿದೆವು. ಅಲ್ಲಿಂದ ಶೇರ್ ರಿಕ್ಷಾ. ಕನ್ನಡ, ಪರಿಸರ, ಇಂಗ್ಲಿಷ್, ಗಣಿತ, ಒಂದೇ ದಿನ ಮುಗಿಯುವಂತೆ ಚಿಕ್ಕದು ಮಾಡಿದ ಎಲ್ಲ ಪ್ರಶ್ನೆಪತ್ರಿಕೆಗಳೂ ಒಂದೇ ಲಕೋಟೆಯಲ್ಲಿದ್ದವು. ಜೊತೆಗೆ ಎರಡು ಪೆನ್ನು, ಮತ್ತು ಪರೀಕ್ಷೆಯ ದಿನ ಎಲ್ಲ ಮಕ್ಕಳಿಗೂ ಕೊಡುತ್ತಿದ್ದ ಶೇಂಗಾ ಚಿಕ್ಕಿ.

ಹುಡುಗಿ ದೂರದಿಂದಲೇ ನೋಡಿ ಓಡಿ ಬಂದಳು. ಓಡುತ್ತ ಬಂದವಳು ಹತ್ತಿರ ಬಂದಂತೆ ನಿಧಾನವಾದಳು, ಶಾಲೆಯ ವೆರಾಂಡಾದಲ್ಲಿ ನಡೆಯುವ ಹಾಗೆ. ಭಾನುವಾರವಾದರೂ ಅಪ್ಪ ಅಮ್ಮ ಕೆಲಸದ ಮೇಲಿದ್ದರು. ಕೂಸು ಮಲಗಿತ್ತು. ನನ್ನವಳು ಕಟ್ಟಡದ ನೆರಳಿನಲ್ಲಿ ಜಾಗ ನೋಡಿ ಚಾಪೆ ಹಾಸಿದಳು. ಹುಡುಗಿ ಅದನ್ನು ಎತ್ತಿ ಶೆಡ್ಡಿನ ಮುಂದೆ ಬಿಸಿಲಿಗೆ ಹಾಸಿದಳು, ಅಲ್ಲಿ ಕೂತರೆ ಕೂಸೂ ಕಾಣುತ್ತಿತ್ತು. ನಾನು ಕೊಡೆ ಹಿಡಿದು ನಿಂತೆ.

ಅವಳು ಬರೆದಳು. ಕನ್ನಡವನ್ನು ಬೇಗ ಮುಗಿಸಿದಳು. ಇಂಗ್ಲಿಷಿನಲ್ಲಿ ಎರಡು ಕಡೆ ತಡವರಿಸಿ ಟೀಚರ್ ಮುಖ ನೋಡಿದಳು. ಟೀಚರ್ ಬೇರೆ ಕಡೆ ನೋಡುತ್ತಿದ್ದರು. ತರಗತಿಯಲ್ಲಿ ಪರೀಕ್ಷೆ ನಡೆಸುವಾಗ ಹೇಗಿರುತ್ತಾಳೋ ನನ್ನವಳು ಇಲ್ಲಿಯೂ ಹಾಗೇ ಇದ್ದಳು. ಕೆಲಸದವರು ಬಂದು ನೋಡಿ ಹೋಗುತ್ತಿದ್ದರು. “ಯೇ ಕ್ಯಾ, ಜನಗಣನಾ?” ಎಂದು ಒಬ್ಬ ಕೇಳಿದ. “ಪರೀಕ್ಷಾ,” ಅಂದೆ. ಅವನು ನಗಲು ಹೋಗಿ, ಹುಡುಗಿಯನ್ನು ನೋಡಿ, ನಗದೆ ಹೋದ. ಸ್ವಲ್ಪ ಹೊತ್ತಿನಲ್ಲಿ ಕಾಂಕ್ರೀಟ್ ಮಿಕ್ಸರಿನ ಸದ್ದು ನಿಂತಿತು. ಅವನು ನಿಲ್ಲಿಸಿದ್ದೋ, ಊಟದ ಹೊತ್ತೋ ನನಗೆ ಗೊತ್ತಿಲ್ಲ.

ಗಣಿತದ ಕೊನೆಯ ಲೆಕ್ಕಗಳು ಉಳಿದಿದ್ದಾಗ ಕೂಸು ಎದ್ದು, ಬಾಗಿಲು ದಾಟಿ, ನಮ್ಮನ್ನು ಬಿಟ್ಟು ಇನ್ನೊಂದು ಕಡೆಗೆ ನಡೆಯತೊಡಗಿತು. ಈಗ ಅದಕ್ಕೆ ಚೆನ್ನಾಗಿ ನಡೆಯಲು ಬರುತ್ತಿತ್ತು. ಹುಡುಗಿ ಪೆನ್ನು ಬಿಟ್ಟು ಎದ್ದಳು.

“ನಾನು ಹಿಡ್ಕೊಳ್ತೇನೆ, ನೀನು ಬರೀ,” ಎಂದು ನಾನು ಹೋದೆ. ಎತ್ತಿಕೊಂಡ ಕೂಡಲೇ ಕೂಸು ಕಿರುಚಿತು. ಮೇಲೆ ಎಲ್ಲೋ ಮಹಡಿಯಿಂದ ತಾಯಿಯ ದನಿ ಹುಡುಗಿಯ ಹೆಸರು ಹಿಡಿದು ಕೂಗಿತು, ಒಮ್ಮೆಯಲ್ಲ, ನಿಲ್ಲಿಸದೆ. “ಇಲ್ಲೇ ಅದಾನಬೇ! ನನ್ನ ಹತ್ರಾನ ಅದಾನ!” ಎಂದು ಹುಡುಗಿ ಮೇಲಕ್ಕೆ ಕೂಗಿ, ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಮೇಲಿನ ದನಿ ನಿಂತಿತು.

“ಇನ್ನೂ ಟೈಮ್ ಉಂಟು,” ನನ್ನವಳು ಹೇಳಿದಳು. “ಅವನು ಸುಮ್ಮನಾಗಲಿ. ಕಾಯ್ತೇನೆ.”

“ಸಾಕ್ರಿ ಟೀಚರ್.”

“ನಿನಗೆ ಬರ್ತದಲ್ಲ ಇವು?”

“ಬರ್ತಾವ್ರಿ.” ಅವಳು ಒಂದೇ ಕೈಯಲ್ಲಿ ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಟೀಚರ್ ಕೈಗೆ ಕೊಟ್ಟಳು. ಚಿಕ್ಕಿಯನ್ನು ಮುರಿದು ದೊಡ್ಡ ತುಂಡನ್ನು ಕೂಸಿಗೆ ಕೊಟ್ಟಳು.

ವಾಪಸ್ ಲೋಕಲಿನಲ್ಲಿ ಜಾಗ ಸಿಕ್ಕಿತು. ನನ್ನವಳು ಕೂತ ಕೂಡಲೇ ಕೆಂಪು ಪೆನ್ನು ತೆಗೆದು ತಿದ್ದತೊಡಗಿದಳು. ಗಾಡಿ ಸಮುದ್ರದ ಖಾಡಿಯ ಸೇತುವೆ ದಾಟುವಾಗ ಗಣಿತಕ್ಕೆ ಬಂದಿದ್ದಳು. ಬರೆದ ಲೆಕ್ಕಗಳೆಲ್ಲ ಸರಿಯಿದ್ದವು. ಬರೆಯದ ಲೆಕ್ಕಗಳ ಮುಂದೆ ಸೊನ್ನೆ ಹಾಕಿದಳು. ನಾನು ನೋಡುತ್ತಿದ್ದದ್ದು ತಿಳಿದು, “ಉಳಿದ ಮಕ್ಕಳಿಗೆ ಹೇಗೆ ಹಾಕ್ತೇನೋ ಹಾಗೆ,” ಅಂದಳು. ಆಮೇಲೆ ವಡಾಲ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಫಲಿತಾಂಶದ ದಿನ ಶಾಲೆಯಿಂದ ಬಂದ ಮೇಲೆ ಅವಳು ಹುಡುಗಿಯ ಅಪ್ಪನ ನಂಬರಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿಸಿತು. ಹುಡುಗಿಯೇ ಎತ್ತಿದಳು.

“ನೀನು ಪಾಸು. ಫಸ್ಟ್ ಕ್ಲಾಸು.”

“ಹೌದ್ರಿ?” “ಎಲ್ಲಾರೂ ಪಾಸ್ ಆದ್ರೇನ್ರಿ?”

“ಎಲ್ಲರೂ.”

“ಡ್ರಮ್ಮಿನವ್ನೂ?”

“ಅವನೂ.”

ಅವಳು ನಕ್ಕಿದ್ದು ಕೇಳಿಸಿತು. ಮತ್ತೆ, “ಆರನೇ ಕ್ಲಾಸಿಗೆ ಟೀಚರ್ ಯಾರ್ರಿ?” ಎಂದು ಕೇಳಿದಳು.

ನನ್ನವಳು ಹೇಳಿದಳು. ಮಾಟುಂಗದಿಂದ ಬರುವವರು, ಉದ್ದ ಜಡೆಯವರು, ನೀನು ನೋಡಿದ್ದೀ ಎಂದು ಗುರುತೂ ಹೇಳಿದಳು.

“ಚಲೋ ಕಲಿಸ್ತಾರೇನ್ರಿ ಅವರು?”

“ಹೌದು ಮಗಾ,” ನನ್ನವಳು ಅಂದಳು. “ಬಹಳ ಚೆನ್ನಾಗಿ ಕಲಿಸ್ತಾರೆ.”