ಕಂಸದೊಳಗಿನ ನಗು

ಪತ್ರಿಕೆಯಲ್ಲಿ ಲೋಕಸಭೆಯ ಕಲಾಪ ಅಚ್ಚಾದಾಗ ನೀವು ಮೊದಲು ಏನನ್ನು ಓದುತ್ತೀರೋ ನಾನರಿಯೆ. ನನ್ನ ಕಣ್ಣಂತೂ ಮಂತ್ರಿಗಳ ಹೆಸರನ್ನೂ ಮಸೂದೆಗಳ ಮಹಿಮೆಯನ್ನೂ ದಾಟಿ ನೇರವಾಗಿ ಕಂಸಗಳ ಕಡೆಗೆ ಓಡುತ್ತದೆ. ಕಂಸವೆಂದರೆ ಆ ಎರಡು ಪುಟ್ಟ ಬಾಗಿದ ಗೆರೆಗಳು. ಅವುಗಳ ನಡುವೆ ವರದಿಗಾರ ಮಹಾಶಯ ಜಿಪುಣತನದಿಂದ ಒಂದೇ ಒಂದು ಮಾತನ್ನು ಇಟ್ಟಿರುತ್ತಾನೆ: ನಗು. ಇಲ್ಲವೇ ಗದ್ದಲ. ಇಲ್ಲವೇ, ಎಲ್ಲೋ ಅಪರೂಪಕ್ಕೆ, ಹರ್ಷೋದ್ಗಾರ. ಎರಡು ಕಾಲಮ್ಮುಗಳ ತುಂಬ ಸಕ್ಕರೆಯ ಉತ್ಪಾದನೆಯೂ ಸಿಮೆಂಟಿನ ಅಭಾವವೂ ಹಬ್ಬಿಕೊಂಡಿರುವಾಗ ನಡುವೆ ಆ ಒಂದು ‘ನಗು’ ಕಂಡರೆ, ಇಷ್ಟು ದೊಡ್ಡ ದೇಶವನ್ನು ಆಳುವ ಮಂದಿಗೂ ನಮ್ಮ ಹಾಗೆಯೇ ಹಲ್ಲು ಇವೆಯಲ್ಲ ಎಂದು ನನಗೆ ಎಂಥದೋ ಸಮಾಧಾನ. “ಊಟ ಬಿಟ್ಟು ಬರೇ ಉಪ್ಪಿನಕಾಯಿ ತಿಂದು ಎದ್ದಂಗಾತು ನೋಡ್ರಿ ನಿಮ್ಮ ಓದು” ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಖರೇ. ಆದರೆ ಈ ಚಟ ನನಗೆ ಅಂಟಿದ್ದಕ್ಕೂ ಒಂದು ಕಾರಣವಿದೆ; ಪುರಸೊತ್ತಿದ್ದರೆ ಕೇಳಿ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ಹುಬ್ಬಳ್ಳಿ ಹತ್ತಿರದ ರಾಯಾಪುರದಿಂದ ಹೊಲದ ದಾರಿ ಹಿಡಿದು ನಡೆದರೆ ಸಿಗುವ ಒಂದು ಸಣ್ಣ ಊರಿನಲ್ಲಿ ನಾನು ಕನ್ನಡ ಸಾಲಿಯ ಮಾಸ್ತರನಾಗಿದ್ದೆ. ಊರಿನ ಹೆಸರು ಹೇಳಲಾರೆ. ಮುಂದೆ ಬರುವ ಸಂಗತಿಯಲ್ಲಿ ನನ್ನ ಮಾನವೂ ಕೊಂಚ ಹೋಗುವುದರಿಂದ ವಿಳಾಸವಾದರೂ ಗುಟ್ಟಾಗಿರಲಿ. ಊರಿಗೆ ಒಂದು ಸಣ್ಣ ಸ್ಟೇಶನ್ ಇತ್ತು. ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಯಿಂದ ಪತ್ರಿಕೆ ಬರುತ್ತಿತ್ತು. ಸಂಜೆ ಶಿವಪ್ಪ ಕಾಕಾನ ಹತ್ತಿ ಅಂಗಡಿಯ ಕಟ್ಟೆಯ ಮೇಲೆ ನಾನು ಅದನ್ನು ಗಟ್ಟಿಯಾಗಿ ಓದುವುದು, ಊರಿನವರು ಕೂತು ಕೇಳುವುದು, ಇದು ನಿತ್ಯದ ಪದ್ಧತಿ. ಈ ಓದಿನಲ್ಲಿ ನನ್ನದೊಂದು ವ್ರತವಿತ್ತು: ಅಚ್ಚಾದದ್ದನ್ನು ಒಂದಕ್ಷರ ಬಿಡಬಾರದು, ಅಚ್ಚಾಗದ್ದನ್ನು ಒಂದಕ್ಷರ ಸೇರಿಸಬಾರದು. ಹೀಗಾಗಿ ಕಂಸದೊಳಗಿನ ಮಾತನ್ನೂ ಬಿಡದೆ, ಪಾಠ ಒಪ್ಪಿಸುವ ಧಾಟಿಯಲ್ಲಿ “ನಗು” ಎಂದು ಓದಿಬಿಡುತ್ತಿದ್ದೆ.

ಮೊದಲ ಸಲ ಹಾಗೆ ಓದಿದಾಗ ಕಟ್ಟೆಯ ಮಂದಿ ಮುಖ ಮುಖ ನೋಡಿಕೊಂಡರು. ಶಿವಪ್ಪ ಕಾಕಾ ಗಂಭೀರವಾಗಿ ಯೋಚಿಸಿ ತೀರ್ಪು ಕೊಟ್ಟ: “ದಿಲ್ಯಾಗ ಅಷ್ಟು ದೊಡ್ಡವ್ರು ನಕ್ಕಾರಂದ್ರ ನಾವು ಸುಮ್ಮನ ಕುಂತ್ರ ಛಲೋ ಕಾಣೂದಿಲ್ಲ. ನಗ್ರೋ!” ಊರು ನಕ್ಕಿತು. ಅಂದಿನಿಂದ ಅದೇ ಕಟ್ಟಳೆಯಾಯಿತು. ನಾನು ‘ನಗು’ ಎಂದರೆ ಎಲ್ಲರೂ ನಗಬೇಕು. ‘ಗದ್ದಲ’ ಎಂದರೆ ಎಲ್ಲರೂ ಒಮ್ಮೆಲೇ ಮಾತಾಡಬೇಕು. ಕಂಸ ಬರುವತನಕ ಮಾತ್ರ ಯಾರೂ ತುಟಿ ಬಿಚ್ಚುವಂತಿಲ್ಲ. ಒಮ್ಮೆ ನಾವು ಮಾಡಿದ ಗದ್ದಲಕ್ಕೆ ಬೆದರಿ ಒಂದು ಜೋಡಿ ಎತ್ತು ಬಂಡಿ ಸಮೇತ ಊರ ಅಗಸೆ ಬಾಗಿಲವರೆಗೆ ಓಡಿದ್ದುಂಟು. ಇದಕ್ಕೆಲ್ಲ ಮಣಿಯದವಳು ಒಬ್ಬಳೇ: ಹೊಸ್ತಿಲ ಒಳಗೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದ ಕಾಕಾನ ತಾಯಿ ನೀಲವ್ವ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಆಕೆ ಮೊರ ನಿಲ್ಲಿಸಿ, “ಯಾಕ ನಕ್ರಂತ?” ಎಂದು ಕೇಳುವಳು. ನಾನು ಮೆಲ್ಲಗೆ ಮುಂದಿನ ಸಾಲಿಗೆ ಜಾರಿಬಿಡುತ್ತಿದ್ದೆ.

ಆ ನೀಲವ್ವನ ಮೊಮ್ಮಗಳು, ಕಾಕಾನ ಮಗಳು, ಶಾಂತಾ. ನನ್ನ ಕೈಯಲ್ಲೇ ಅಕ್ಷರ ತಿದ್ದಿದವಳು; ಊರಿನಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲ ಹುಡುಗಿ. ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜಿಗೆ ಸೇರಿದ್ದಳು. ಆದರೆ ಮುಂಜಾನೆಯ ಗಾಡಿ ನಮ್ಮ ಊರನ್ನು ಮಾತಾಡಿಸದೆಯೇ ಹೋಗಿಬಿಡುತ್ತಿತ್ತು. ನಿಲ್ಲುವ ಗಾಡಿ ಹಿಡಿದರೆ ಕಾಲೇಜು ಮುಟ್ಟುವಷ್ಟರಲ್ಲಿ ಎರಡು ತಾಸಿನ ಪಾಠ ಮುಗಿದಿರುತ್ತಿತ್ತು. ರಾಯಾಪುರದವರೆಗೆ ನಡೆದು ಹೋಗಿ ಬಸ್ಸು ಹಿಡಿಯೋಣವೆಂದರೆ ಮಳೆಗಾಲದ ಎರೆಮಣ್ಣು ಚಪ್ಪಲಿಯನ್ನಷ್ಟೇ ಅಲ್ಲ, ಕಾಲನ್ನೂ ಕಿತ್ತುಕೊಳ್ಳುವಂಥದು. ಮೊದಲ ಟರ್ಮಿನ ಹಾಜರಿಯ ಕೊರತೆಯನ್ನು ಕಾಲೇಜಿನವರು ಮನ್ನಿಸಿದರೂ ಎರಡನೆಯದರಲ್ಲಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ಬರೆದು ತಿಳಿಸಿದ್ದರು.

“ಸಂಕ್ರಮಣದ ತನಕ ನೋಡ್ತೇನಿ ಮಾಸ್ತರ” ಎಂದ ಕಾಕಾ. ಕೆಟ್ಟವನಲ್ಲ, ದಣಿದಿದ್ದ. “ಆಮ್ಯಾಲ ಬಿಡಿಸಿಬಿಡ್ತೇನಿ. ನವಲಗುಂದದಾಗ ಒಂದು ವರ ಐತಿ.” ಶಾಂತಾ ಆ ದಿನ ನನ್ನನ್ನು ಸಾಲಿಯ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದಿಷ್ಟೇ: “ಆ ಗಾಡಿ ಒಂದ ಒಂದು ನಿಮಿಷ ನಿಂತ್ರ ಸಾಕ್ರಿ ಸರ್.” ಅವಳ ಕಣ್ಣು ತುಂಬಿದ್ದವು, ನನ್ನವೂ ಒಣಗಿರಲಿಲ್ಲ.

ದಾರಿ ತೋರಿಸಿದವಳು ನೀಲವ್ವ. “ದಿನಾ ಓದ್ತೀರಲ್ರಿ, ಅಲ್ಲಿ ಯಾರ‍್ಯಾರೋ ಏನೇನೋ ಕೇಳ್ತಾರಂತ. ನಮ್ದೂ ಒಂದು ಕೇಳಸ್ರಿ.” ನಾನು ನಮ್ಮ ಭಾಗದ ಲೋಕಸಭಾ ಸದಸ್ಯರಿಗೆ ನನ್ನ ಪಾಂಡಿತ್ಯವನ್ನೆಲ್ಲ ಸುರಿದು ಒಂದು ಪತ್ರ ಬರೆದೆ. ಪುಣ್ಯಾತ್ಮರು, ಶ್ರಾವಣ ಮುಗಿಯುವ ಮುನ್ನವೇ ಸದನದಲ್ಲಿ ಪ್ರಶ್ನೆ ಕೇಳಿಯೂಬಿಟ್ಟರು. ನಮ್ಮ ಊರಿನ ಹೆಸರು ದಿಲ್ಲಿಯಲ್ಲಿ ಉಚ್ಚರಿಸಲ್ಪಟ್ಟಿತ್ತು! ಉತ್ತರ ಮಾತ್ರ ಒಂದೇ ಸಾಲು: “ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ.” ಕಂಸ ಇರಲಿಲ್ಲ.

ವರ್ಷಗಟ್ಟಲೆ ಕಲಾಪ ಓದಿದ ಅನುಭವಿ ನಾನು; ಈ ವಾಕ್ಯದ ಗೋತ್ರ, ಸೂತ್ರ ಎಲ್ಲ ಬಲ್ಲೆ. ಸೋರುವ ಮಾಡಿನ ಬಗ್ಗೆ ಹೆಂಡತಿ ಕೇಳಿದಾಗಲೆಲ್ಲ ನಾನು ಹೇಳುವ “ನೋಡೋಣು” ಎಂಬುದೇ ದಿಲ್ಲಿಗೆ ಹೋಗಿ ಕೋಟು ಹಾಕಿಕೊಂಡಿದೆ, ಅಷ್ಟೆ. ಆದರೆ ನೀಲವ್ವನ ಮುಖ ಅರಳಿತ್ತು. ಮಾಹಿತಿಯೆಂದರೇನೆಂದು ಕೇಳಿದಳು. ಯಾರು ಗಾಡಿ ಹತ್ತುವವರು, ಯಾತಕ್ಕೆ ಹತ್ತುವವರು ಎಂಬ ವಿವರ ಎಂದೆ. “ಹಂಗಾರ ಕೇಳಾಕ ಯಾರರ ಬಂದ ಬರ್ತಾರ. ಶಾಂತಾ, ನಾಳಿಂದ ದಿನಾ ಅವಲಕ್ಕಿ ಹಚ್ಚಿಡವಾ” ಎಂದು ಎದ್ದುಬಿಟ್ಟಳು. ಓದು ಬಲ್ಲವನು ಬಾಯಿ ಮುಚ್ಚಿಕೊಂಡೆ. ಓದು ಬಾರದವಳು ಅಂಗಳ ಸಾರಿಸಿ ಕಾದಳು.

ಹನ್ನೆರಡನೆಯ ದಿನ ಗಾಡಿಯಿಂದ ಚೀಲ ಹಿಡಿದ ಕೋಟುಧಾರಿಯೊಬ್ಬ ಇಳಿದ. ಊರು ಅವನನ್ನು ಮೆರವಣಿಗೆಯಲ್ಲೆಂಬಂತೆ ಕಟ್ಟೆಗೆ ಕರೆತಂದಿತು. ಅವಲಕ್ಕಿ, ಮಿರ್ಚಿ ಭಜಿ, ಎರಡು ಲೋಟ ಚಹಾ ಅವನ ಹೊಟ್ಟೆ ಸೇರುವಷ್ಟರಲ್ಲಿ ನೀಲವ್ವ ಮೊಮ್ಮಗಳ ಹಾಜರಿಯಿಂದ ಹಿಡಿದು ಹಾಲಿನವರ ತಾಪತ್ರಯದವರೆಗೆ ಎಲ್ಲವನ್ನೂ ಒಪ್ಪಿಸಿದ್ದಳು. ಆತ ಬಾಯಿ ಒರೆಸಿಕೊಂಡು ಪಾಪಭೀತಿಯಿಂದ ಹೇಳಿದ: “ಯವ್ವಾ, ನಾ ಕನ್ನಡಕ ಮಾರಾಂವ್ರಿ.”

ನಾನಾದರೆ ನಾಚಿ ನೆಲಕ್ಕೆ ಇಳಿಯುತ್ತಿದ್ದೆ. ನೀಲವ್ವ ಅವನಿಗೆ ಇನ್ನೊಂದು ಮಿರ್ಚಿ ಹಾಕಿ ನನ್ನ ಕಡೆ ತಿರುಗಿದಳು. “ಮಾಸ್ತರ, ಸಂಗ್ರಹ ಆಗಾಕತ್ತೈತಿ ಅಂದ್ರ ಹೆಂಗ? ಜ್ವಾಳ ತಾವ ಎದ್ದು ಬಂದು ಚೀಲದಾಗ ಬೀಳ್ತಾವೇನು? ಯಾರರ ಕೂಡಿಸಬೇಕಲ್ಲ? ಅವ್ರಿಗೆ ಬರಾಕ ಆಗವಲ್ದು, ನಾವ ಕೂಡಿಸಿ ಕಳಸೂಣು.” ಸದನದ ಕಲಾಪವನ್ನು ಇಷ್ಟು ನೇರವಾಗಿ ವ್ಯಾಖ್ಯಾನಿಸಿದವರನ್ನು ನಾನು ಆಮೇಲೂ ಕಂಡಿಲ್ಲ.

ಮಾರನೆಯ ಮುಂಜಾನೆಯಿಂದ ನಮ್ಮ ಸ್ಟೇಶನ್ನಿನಲ್ಲಿ ಒಂದು ವಿಚಿತ್ರ ಶುರುವಾಯಿತು. ನಿಲ್ಲದ ಗಾಡಿಗಾಗಿ ಊರು ಸಾಲಾಗಿ ನಿಲ್ಲತೊಡಗಿತು. ಹಾಲಿನವರು, ಕಾಯಿಪಲ್ಯದ ಬುಟ್ಟಿಯವರು, ದವಾಖಾನೆಗೆ ಹೊರಟ ಬಸುರಿ, ಇವರೆಲ್ಲರ ತುದಿಗೆ ಪುಸ್ತಕ ಅವುಚಿಕೊಂಡ ಶಾಂತಾ. ಗಾಡಿ ದಡದಡನೆ ಹೋಗುವುದು. ನಾವು ಸೆರಗು, ರುಮಾಲುಗಳ ಧೂಳು ಕೊಡವಿಕೊಂಡು ಅಂದಿನವರ ಹೆಸರು, ಹೋಗಬೇಕಾದ ಕಾರಣ ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸುವುದು. ಮೊದಮೊದಲು ಬೆದರಿ ಸೀಟಿ ಊದುತ್ತಿದ್ದ ಚಾಲಕ ವಾರ ಕಳೆಯುವಷ್ಟರಲ್ಲಿ ಕೈ ಬೀಸತೊಡಗಿದ. ನೀಲವ್ವ ತನ್ನ ಹೆಸರನ್ನೂ ಬರೆಯಲು ಹೇಳಿದಳು. ನೀವು ಎಲ್ಲಿಗೂ ಹೋಗುವವರಲ್ಲವಲ್ಲ, ಕಾರಣವೇನೆಂದು ಬರೆಯಲಿ ಎಂದೆ. “ಮೊಮ್ಮಗಳು ಗಾಡಿ ಹತ್ತೂದು ನೋಡಾಕ ಅಂತ ಬರೀರಿ.” ಬರೆದೆ. ತಿಂಗಳ ಕೊನೆಗೆ ಆ ಪಟ್ಟಿ ದಿಲ್ಲಿಗೆ ಹೋಯಿತು.

ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಎರಡನೆಯ ಟರ್ಮು ಶುರುವಾಗಿ ಶಾಂತಾಳ ಹಾಜರಿ ಮತ್ತೆ ತಪ್ಪತೊಡಗಿತು. ನವಲಗುಂದದವರು ಹುಡುಗಿಯನ್ನು ನೋಡಲು ಯಾವಾಗ ಬರೋಣ ಎಂದು ಕೇಳಿ ಕಳಿಸಿದರು. ಆ ಚಳಿಗಾಲದ ಒಂದು ಸಂಜೆ ಎಂದಿನಂತೆ ಪತ್ರಿಕೆ ಬಿಚ್ಚಿ ಓದುತ್ತ ಹೋದವನು ನಮ್ಮ ಊರಿನ ಹೆಸರು ಕಂಡು ತಡವರಿಸಿದೆ. ಸ್ಥಳೀಯರು ತಾವೇ ಒದಗಿಸಿದ ಮಾಹಿತಿಯನ್ನು ಪರಿಶೀಲಿಸಿ, ಬರುವ ತಿಂಗಳ ಒಂದನೆಯ ತಾರೀಖಿನಿಂದ ಮುಂಜಾನೆಯ ಗಾಡಿಯನ್ನು ಅಲ್ಲಿ ಒಂದು ನಿಮಿಷ ನಿಲ್ಲಿಸಲು ನಿರ್ಧರಿಸಲಾಗಿದೆ ಎಂದು ಮಂತ್ರಿಗಳು ಹೇಳಿದ್ದರು.

ಓದಿ ತಲೆಯೆತ್ತಿದೆ. ಕಟ್ಟೆಯ ಮೇಲೆ ಒಬ್ಬರೂ ಮಿಸುಕಲಿಲ್ಲ. ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಶಾಂತಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಆಗ ಹೊಳೆಯಿತು: ಅವರು ಕಂಸಕ್ಕಾಗಿ ಕಾಯುತ್ತಿದ್ದರು! ಬಂದ ಸಂತೋಷವನ್ನು ಬಾಯೊಳಗೇ ಹಿಡಿದುಕೊಂಡು ಕಟ್ಟಳೆ ಪಾಲಿಸುತ್ತಿದ್ದರು. ಪತ್ರಿಕೆಯಲ್ಲಿ ನೋಡಿದೆ. ಮುಂದಿನ ಸಾಲಿನಲ್ಲಿ ಬೇರೆ ಯಾವುದೋ ಪ್ರಾಂತದ ಸಕ್ಕರೆಯ ಪ್ರಶ್ನೆ ಶುರುವಾಗಿತ್ತು. ನಮ್ಮ ಒಂದು ನಿಮಿಷಕ್ಕೆ ದಿಲ್ಲಿಯಲ್ಲಿ ಯಾರೂ ನಕ್ಕಿರಲಿಲ್ಲ, ಯಾರೂ ಕೂಗಿರಲಿಲ್ಲ.

“ಕಂಸದಾಗ ಏನೂ ಇಲ್ಲೇನ್ರಿ ಮಾಸ್ತರ?” ಎಂದಳು ನೀಲವ್ವ.

ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. “ಐತ್ರಿ ಅವ್ವಾರ” ಎಂದೆ. ಆಮೇಲೆ ಅಷ್ಟು ವರ್ಷದ ವ್ರತವನ್ನು ಕಟ್ಟೆಯ ಕೆಳಗೆ ಎಸೆದು, ಗಟ್ಟಿಯಾಗಿ ಓದಿದೆ: “ಹರ್ಷೋದ್ಗಾರ!”

ಎದ್ದ ಕೂಗು ರಾಯಾಪುರಕ್ಕೆ ಕೇಳಿಸಿರಬೇಕು. ಕಾಕಾ ನನ್ನನ್ನು ಅಪ್ಪಿಕೊಂಡು ಅತ್ತ. ಅಂದು ಮಾತ್ರ ನೀಲವ್ವ ಎಲ್ಲರಿಗಿಂತ ಮೊದಲು ನಕ್ಕಳು, ಯಾಕೆಂದು ಕೇಳಲಿಲ್ಲ.

ಒಂದನೆಯ ತಾರೀಖು ಗಾಡಿ ನಿಂತಿತು. ಶಾಂತಾ ಹತ್ತಿದಳು. ನೀಲವ್ವ ಪಟ್ಟಿಯಲ್ಲಿ ಬರೆಸಿದ ಕಾರಣಕ್ಕೆ ತಪ್ಪದೆ ಬಂದು ನಿಂತಿದ್ದಳು. ಗಾಡಿ ಮರೆಯಾದ ಮೇಲೂ ಬಹಳ ಹೊತ್ತು ನಿಂತೇ ಇದ್ದಳು.

ಇಂದಿಗೂ ಪತ್ರಿಕೆ ಬಂದರೆ ನಾನು ಕಂಸಗಳನ್ನೇ ಹುಡುಕುತ್ತೇನೆ. ಒಂದೇ ವ್ಯತ್ಯಾಸ: ಎಲ್ಲಿಯದೋ ಸಣ್ಣ ಊರಿಗೆ ಸೇತುವೆಯೋ ಸಾಲಿಯೋ ದೊರೆತ ಸುದ್ದಿಯ ಮುಂದೆ ಕಂಸ ಕಾಣದಿದ್ದರೆ, ಪೆನ್ಸಿಲು ತೆಗೆದು ಎರಡು ಬಾಗಿದ ಗೆರೆ ಎಳೆದು ನಡುವೆ ಅಂದಿನ ಆ ಮಾತು ಬರೆದುಬಿಡುತ್ತೇನೆ. “ಈಗ ಉಪ್ಪಿನಕಾಯಿನೂ ನೀವ ಹಾಕಾಕತ್ತೀರಲ್ಲ!” ಎನ್ನುತ್ತಾಳೆ ಹೆಂಡತಿ. ಹೌದು; ಅಲ್ಲಿಯ ಕಟ್ಟೆಯ ಮೇಲೂ ಯಾರಾದರೂ ಕಾಯುತ್ತ ಕೂತಿರಬಹುದಲ್ಲ.