ಟಿಕಳಿಯ ಕೆಳಗಿನ ಕೆಂಪು ದೀಪ

ಮೊನ್ನೆ ರವಿವಾರ ರಾಯಚೂರಿನಿಂದ ದೇವದುರ್ಗಕ್ಕೆ ಹೊರಟಾಗ ನನ್ನ ಕಾರಿನಲ್ಲಿ ಮೂವರಿದ್ದೆವು. ನಾನು, ನಮ್ಮ ಅವ್ವ ಮತ್ತು ಒಂದು ಬುಟ್ಟಿ ಖಡಕ್ ರೊಟ್ಟಿ.

ಮೂವರಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡಿದ್ದದ್ದು ರೊಟ್ಟಿ ಮಾತ್ರ.

ನಗಬೇಡಿ, ಇದಕ್ಕೆ ಕಾರಣವಿದೆ. ಬುಟ್ಟಿಯನ್ನು ಮುಂದಿನ ಸೀಟಿನ ಮೇಲೆ ಇಟ್ಟದ್ದೇ ತಡ, ಕಾರು ಅದನ್ನೂ ಮನುಷ್ಯ ಎಂದು ತಿಳಿದು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಬುಟ್ಟಿ ಅಷ್ಟು ಭಾರವಿತ್ತು. "ಅದಕ್ಕೂ ಒಂದು ಪಟ್ಟಿ ಹಾಕಿಬಿಡವ್ವಾ, ಸುಮ್ನಾಗ್ತದ. ರೊಟ್ಟೀನೂ ಮುರಿಯಂಗಿಲ್ಲ" ಎಂದಳು ಅವ್ವ. ಬೀಗರ ಮನೆಗೆ ಮುರಿದ ರೊಟ್ಟಿ ಒಯ್ಯಲಾದೀತೇ? ಹಾಕಿದೆ. ಕಾರು ಸುಮ್ಮನಾಯಿತು.

ಅವ್ವ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ಆರಾಮಾಗಿ ಕೂತಿದ್ದಳು. ನಾನು? ನನ್ನ ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಸಿಗಿಸಿ, ಅದಕ್ಕೇ ಒರಗಿ ಕೂತಿದ್ದೆ. (ಕಾಟನ್ ಸೀರೆ. ಇಸ್ತ್ರಿ ಹಾಳಾಗುತ್ತದೆ.)

ಇಷ್ಟಕ್ಕೂ ನಾನು ಇಪ್ಪತ್ತೈದು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು. ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುತ್ತಾರೆ, ಏಕೆ? ಎರಡು ಅಂಕದ ಪ್ರಶ್ನೆ. ತಪ್ಪು ಉತ್ತರ ಬರೆದವರನ್ನು ಎದ್ದು ನಿಲ್ಲಿಸಿ ಬೈದವಳು ನಾನೇ.

ಅಂದು ನಾವು ಹೊರಟದ್ದು ರೇಣುಕಾಳನ್ನು ಕರೆತರಲು. ರೇಣುಕಾ ನನ್ನ ತಂಗಿಯ ಮಗಳು, ದೇವದುರ್ಗದ ಸೊಸೆ. ಈಗ ಎಂಟು ತಿಂಗಳ ಬಸುರಿ. ಚೊಚ್ಚಲು. ಹೆರಿಗೆಗೆ ತವರಿಗೆ, ಅಂದರೆ ಮಾನ್ವಿಗೆ ಕರೆದೊಯ್ಯಬೇಕು. ತವರಿನವರು ರೊಟ್ಟಿ ಬುತ್ತಿ ಒಯ್ದು, ಉಂಡು, ಹುಡುಗಿಯನ್ನು ಕರೆತರುವುದು ನಮ್ಮಲ್ಲಿ ಪದ್ಧತಿ. ತಂಗಿ ಮನೆಯಲ್ಲಿ ಬಾಣಂತಿ ಕೋಣೆ ಸಿದ್ಧ ಮಾಡುತ್ತಿದ್ದಳು. ಕಾರು ಇರುವುದು ನನ್ನ ಬಳಿ. ಹಾಗಾಗಿ ಸಾರಥ್ಯ ನನ್ನದಾಯಿತು.

ಗಬ್ಬೂರು ದಾಟಿ ದೇವದುರ್ಗ ಮುಟ್ಟಿದೆವು. ಒಂದು ರೊಟ್ಟಿಯೂ ಮುರಿದಿರಲಿಲ್ಲ. ಊಟವಾಯಿತು, ಉಡಿ ತುಂಬಿದ್ದಾಯಿತು. ಕಾಲು ಚಾಚಲು ಜಾಗ ಇರಲಿ ಎಂದು ರೇಣುಕಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕಾರು ಮತ್ತೆ ಶುರು ಮಾಡಿತು. ಟಿಣ್ ಟಿಣ್ ಟಿಣ್.

ರೇಣುಕಾ ಬೆಲ್ಟಿಗೆ ಕೈ ಹಾಕಿದಳು. ಅವ್ವ, ಬೀಳ್ಕೊಡಲು ನಿಂತಿದ್ದ ಬೀಗಿತಿ (ರೇಣುಕಾಳ ಅತ್ತೆ) ಇಬ್ಬರೂ ಒಟ್ಟಿಗೆ ಹೌಹಾರಿದರು.

"ಬ್ಯಾಡವಾ, ಹೊಟ್ಟಿ ಒತ್ತತದ" ಎಂದಳು ಅವ್ವ.

"ಆ ಸಪ್ಪಳ ಬ್ಯಾರೆ. ಒಳಗಿನ ಕೂಸು ಬೆಚ್ಚಿಬಿದ್ದೀತು" ಎಂದರು ಬೀಗಿತಿ.

ಬೆಲ್ಟ್ ಬೇಡ, ಸದ್ದೂ ಬೇಡ. ಇದಕ್ಕೆ ನನ್ನ ವೈಜ್ಞಾನಿಕ ತಲೆಗೆ ಹೊಳೆದ ಪರಿಹಾರ ಏನು ಗೊತ್ತೇ? ಒಂದು ಕ್ಲಿಪ್. ಬೆಲ್ಟಿಲ್ಲದೆ ಬರೀ ಕೊಂಡಿಗೆ ಸಿಗಿಸಿದರೆ ಸಾಕು, ಕಾರು ಮೋಸಹೋಗಿ ಬಾಯಿ ಮುಚ್ಚುತ್ತದೆ. ಅದನ್ನು ಕೊಳ್ಳಲು ಊರ ಹೊರಗಿನ ಒಬ್ಬ ಕಾರ್ ಎಲೆಕ್ಟ್ರಿಷಿಯನ್ ಅಂಗಡಿ ಮುಂದೆ ನಿಲ್ಲಿಸಿದೆ. ಹೆಸರು ಖಾಜಾಸಾಬ್. ಐವತ್ತರ ಆಸುಪಾಸು. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಟೆಸ್ಟರ್.

"ಆ ಕ್ಲಿಪ್ ಅದಾವೇನ್ರಿ ನಿಮ್ಮಲ್ಲಿ?" ಎಂದೆ.

"ಇದ್ದವ್ರಿ ಅಕ್ಕಾರ. ಈಗ ಮಾರಂಗಿಲ್ಲ."

"ಬ್ಯಾರೆ ಅಂಗಡ್ಯಾಗ ಸಿಗ್ತಾವೇನು?"

"ಸಿಗ್ತಾವ. ನಾ ತೋರ್ಸಂಗಿಲ್ಲ."

ನನಗೆ ಸಿಟ್ಟು ಬಂತು. ವ್ಯಾಪಾರ ಬೇಡ ಎನ್ನುವ ಅಂಗಡಿಯವನನ್ನು ನೀವು ನೋಡಿದ್ದೀರಾ? ಅಷ್ಟರಲ್ಲಿ ಆತ ಕಿಟಕಿಯಿಂದ ಬಗ್ಗಿ ಡ್ಯಾಶ್‌ಬೋರ್ಡ್ ನೋಡುತ್ತಿದ್ದರು. ಸ್ಪೀಡೋಮೀಟರಿನ ಪಕ್ಕಕ್ಕೆ ಬೆರಳು ತೋರಿಸಿ, "ಇಲ್ಲಿ ಟಿಕಳಿ ಯಾಕ ಹಚ್ಚೀರಿ?" ಎಂದರು.

ತಪ್ಪೊಪ್ಪಿಗೆ ಈಗಲೇ ಮಾಡಿಬಿಡುತ್ತೇನೆ. ಎರಡು ವಾರದಿಂದ ಅಲ್ಲೊಂದು ಕೆಂಪು ದೀಪ ಉರಿಯುತ್ತಿತ್ತು. ಕೂತ ಮನುಷ್ಯನ ಮುಂದೊಂದು ದುಂಡನೆ ಚೆಂಡು ಇರುವ ಚಿತ್ರ. ತೊಡೆಯ ಮೇಲೆ ಕಲ್ಲಂಗಡಿ ಇಟ್ಟುಕೊಂಡವನ ಹಾಗೆ ಕಾಣುತ್ತದೆ. ಕಾರು ಚೆನ್ನಾಗಿಯೇ ಓಡುತ್ತಿತ್ತಲ್ಲ? ಆದರೆ ಆ ದೀಪ ಕಣ್ಣು ಕುಕ್ಕುತ್ತಿತ್ತು. ಹಣೆಗೆ ಹಚ್ಚುವ ಕಪ್ಪು ಟಿಕಳಿ ಒಂದನ್ನು ತೆಗೆದು ಅದರ ಮೇಲೆ ಅಂಟಿಸಿಬಿಟ್ಟಿದ್ದೆ. ದೀಪವೂ ಇಲ್ಲ, ಚಿಂತೆಯೂ ಇಲ್ಲ.

ಖಾಜಾಸಾಬ್ ಉಗುರಿನಿಂದ ಟಿಕಳಿ ಕಿತ್ತರು. "ಇದು ಏರ್‌ಬ್ಯಾಗಿನ ದೀಪ. ಇದು ಉರಿಯಾಕತ್ತದ ಅಂದ್ರ ಅಪಘಾತ ಆದಾಗ ಚೀಲ ಬಿಚ್ಚಂಗಿಲ್ಲ ಅಂತ ಗಾಡಿ ಹೇಳಾಕತ್ತದ. ನೀವು ಅದರ ಬಾಯಿಗೇ ಟಿಕಳಿ ಹಚ್ಚೀರಿ." ಆಮೇಲೆ ರೇಣುಕಾಳ ಕಡೆ ನೋಡಿದರು. "ಇಂಥ ಗಾಡ್ಯಾಗ ಈ ತಂಗೀನ ಮುಂದ ಕುಂದರಿಸಿಕೊಂಡು ಎಲ್ಲಿಗೆ ಹೊಂಟೀರಿ?"

ನಾನು ಎಂಜಿನ್ ಆರಿಸಿದೆ.

ಅವರು ನಮ್ಮನ್ನೆಲ್ಲ ಇಳಿಸಿ ಬ್ಯಾಟರಿಯ ವೈರ್ ಬಿಚ್ಚಿದರು. ಹತ್ತು ನಿಮಿಷ ಏನೂ ಮುಟ್ಟುವಂತಿಲ್ಲ, ಒಳಗಿನ ಕರೆಂಟ್ ಪೂರ್ತಿ ಇಳಿಯಬೇಕು ಎಂದರು. ನಮಗೆ ಚಹಾ ತರಿಸಿದರು. ಆ ಹತ್ತು ನಿಮಿಷದಲ್ಲಿ ನನಗೆ ಆದಷ್ಟು ಪಾಠ ಬಿ.ಎಡ್. ಕಾಲೇಜಿನಲ್ಲೂ ಆಗಿರಲಿಲ್ಲ.

"ಬೆಲ್ಟ್ ಮೆಲ್ಲಗ ಎಳೀರಿ" ಎಂದರು. ಎಳೆದೆ. ಎಷ್ಟು ಬೇಕೋ ಅಷ್ಟು ಬಂತು. "ಈಗ ಜೋರಾಗಿ ಜಗ್ಗ್ರಿ." ಜಗ್ಗಿದೆ. ಗಕ್ಕನೆ ನಿಂತಿತು. ಒಂದಿಂಚೂ ಬರಲಿಲ್ಲ. ಆರು ವರ್ಷದಿಂದ ಈ ಕಾರು ಓಡಿಸುತ್ತಿದ್ದೇನೆ. ಮೂರು ಬೆರಳಗಲದ ಈ ಪಟ್ಟಿಗೆ ಇಷ್ಟು ಬುದ್ಧಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಏರ್‌ಬ್ಯಾಗ್ ಇದ್ರ ಬೆಲ್ಟ್ ಯಾಕ್ರಿ ಮತ್ತ?" ಎಂದು ಕೇಳಿದೆ. (ಟೀಚರು ಪ್ರಶ್ನೆ ಕೇಳುವುದನ್ನು ಬಿಡುವುದಿಲ್ಲ.)

"ಎರಡೂ ಜೋಡಿ ಅಕ್ಕಾರ. ಬೆಲ್ಟ್ ಹಿಡೀತದ, ಚೀಲ ತಡೀತದ. ಕಣ್ಣು ಮಿಟುಕಿಸೋದರೊಳಗ ಉಬ್ಬಿ ಬರ್ತದದು. ಬೆಲ್ಟ್ ಹಾಕಿದವರು ತಡವಾಗಿ ಮುಂದ ಬಾಗ್ತಾರ, ಅಷ್ಟರಾಗ ಚೀಲ ಉಬ್ಬಿ ಮೆತ್ತಗಾಗಿರ್ತದ. ಬೆಲ್ಟ್ ಇಲ್ಲದವ ತಾನೂ ಹಾರತಾನ, ಚೀಲಾನೂ ಎದುರು ಬರ್ತದ. ಅವಾಗ ಅದು ದಿಂಬು ಅಲ್ಲ, ಗ್ವಾಡಿ."

ಹತ್ತು ನಿಮಿಷ ಆದ ಮೇಲೆ ಮುಂದಿನ ಸೀಟಿನ ಕೆಳಗೆ ಕೈ ಹಾಕಿದರು. ಅಲ್ಲೊಂದು ಹಳದಿ ಕನೆಕ್ಟರ್ ಸಡಿಲಾಗಿತ್ತು. "ಸೀಟಿನ ಕೆಳಗ ಏನು ತುರುಕಿದ್ರಿ?" ಎಂದರು. ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಎರಡು ವಾರದ ಕೆಳಗೆ ದೇವಸುಗೂರಿಗೆ ದರ್ಶನಕ್ಕೆ ಹೋದಾಗ, ಯಾರೂ ತುಳಿಯದಿರಲಿ ಎಂದು ರೊಟ್ಟಿಯ ಗಂಟನ್ನು ಅಲ್ಲೇ ತುರುಕಿದ್ದೆವು. ಸಿಕ್ಕಿಹಾಕಿಕೊಂಡಿತ್ತು. ಇಬ್ಬರೂ ಸೇರಿ ಜಗ್ಗಿ ಎಳೆದಿದ್ದೆವು. ಕನೆಕ್ಟರ್ ಕೂರಿಸಿ, ಬ್ಯಾಟರಿ ಜೋಡಿಸಿ, ಕೈಯಗಲದ ಸ್ಕ್ಯಾನರ್ ಹಚ್ಚಿ ನೋಡಿದರು. ದೀಪ ಕ್ಷಣ ಹೊತ್ತು ಬೆಳಗಿ, ತಾನಾಗಿಯೇ ಆರಿತು.

ಇನ್ನೂ ಮುಗಿದಿರಲಿಲ್ಲ. ಮುಂದಿನ ಸೀಟಿನ ಎದುರಿಗೆ, ಡ್ಯಾಶ್‌ಬೋರ್ಡ್ ಮೇಲೆ ಅವ್ವ ಅಂಟಿಸಿದ್ದ ಸೂಗೂರೇಶ್ವರನ ಮೂರ್ತಿ ಇತ್ತು. ಖಾಜಾಸಾಬ್ ಕೈಕಟ್ಟಿ ನಿಂತು ಹೇಳಿದರು, "ಯವ್ವಾ, ದೇವರನ್ನ ಅಲ್ಲಿಂದ ತಗೋರಿ."

"ನಮ್ಮಪ್ಪನ್ನ ಎಬ್ಬಸಾಕ ನೀ ಯಾರಪಾ?" ಅವ್ವನ ದನಿ ಏರಿತು.

"ನಾ ಮುಟ್ಟಂಗಿಲ್ರಿ. ನೀವೇ ತಗದು ಉಡ್ಯಾಗ ಇಟಗೋರಿ. ಚೀಲ ಆ ಜಾಗಾ ಒಡಕೊಂಡು ಬರ್ತದ. ಮೂರ್ತಿ ಹಾರಿ ಮೊಮ್ಮಗಳ ಮುಖಕ್ಕ ಬಡದ್ರ, ನಿಮ್ಮಪ್ಪಗರೆ ಚಲೋ ಅನಸ್ತದೇನು?"

ಅವ್ವ ರೇಣುಕಾಳ ಮುಖ ನೋಡಿದಳು. ಆಮೇಲೆ ಕೈಮುಗಿದು, ತಾನೇ ಮೂರ್ತಿಯನ್ನು ಕಿತ್ತು ಉಡಿಗೆ ಹಾಕಿಕೊಂಡಳು.

ಈಗ ಉಳಿದದ್ದು ಹೊಟ್ಟೆಯ ಪ್ರಶ್ನೆ. ಪರಹೆಂಗಸಿಗೆ ಬೆಲ್ಟ್ ಹಾಕಿ ತೋರಿಸುವುದು ಹೇಗೆ? ಖಾಜಾಸಾಬ್ ಅಂಗಡಿಯೊಳಗಿಂದ ಒಂದು ಹತ್ತಿ ದಿಂಬು ತಂದರು. ಅಂಗಿಯೊಳಗೆ ಹೊಟ್ಟೆಗೆ ತುರುಕಿಕೊಂಡರು. ಗುಂಡಿ ಹಾಕಿಕೊಂಡು, ಬಸುರಿಯರ ಹಾಗೆಯೇ ಮೆಲ್ಲಗೆ ಕಾರು ಹತ್ತಿ ಕೂತರು. ರೇಣುಕಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವರು ನಗಲಿಲ್ಲ.

"ನೋಡವಾ ತಂಗಿ. ಸೀಟ್ ಹಿಂದ ಸರಸಬೇಕು. ಕೆಳಗಿನ ಪಟ್ಟಿ ಹೊಟ್ಟಿ ಮ್ಯಾಲ ಅಲ್ಲ, ಹೊಟ್ಟಿ ಕೆಳಗ, ಟೊಂಕದ ಎಲುಬಿನ ಮ್ಯಾಲ ಕುಂದರಬೇಕು. ಮ್ಯಾಲಿನ ಪಟ್ಟಿ ಎದಿ ನಡುವಿಂದ ಬಂದು ಹೊಟ್ಟಿ ಮಗ್ಗಲಿಂದ ಹೋಗಬೇಕು. ಆತು. ಕೂಸಿಗೆ ಎಳ್ಳಷ್ಟೂ ಒತ್ತಂಗಿಲ್ಲ."

"ಇಷ್ಟೆಲ್ಲ ಎಲ್ಲಿ ಕಲಿತ್ರಿ?" ಎಂದೆ.

ದಿಂಬು ಹೊರತೆಗೆಯುತ್ತಾ ಹೇಳಿದರು. "ನಮ್ಮ ತಂಗೀನೂ ಏಳು ತಿಂಗಳ ಬಸುರಿ ಇದ್ಳು. ಬೆಲ್ಟ್ ಒತ್ತತದ ಅಂದ್ಳು. ನಾನೇ ಆ ಕ್ಲಿಪ್ ಹಾಕಿ ಕಳಿಸಿದ್ದೆ. ಲಿಂಗಸುಗೂರು ದಾರ್‍ಯಾಗ ಗಾಡಿ ಬೇವಿನ ಗಿಡಕ್ಕ ಬಡೀತು." ದಿಂಬನ್ನು ಪಕ್ಕಕ್ಕಿಟ್ಟರು. "ಆಕಿ ಉಳದ್ಳು. ಕೂಸು ಉಳೀಲಿಲ್ಲ. ಆಮ್ಯಾಲ ದವಾಖಾನ್ಯಾಗಿನ ನರ್ಸಮ್ಮಾರನ್ನ ಕೇಳಿ ಕೇಳಿ ಕಲ್ತೆ."

ಅವ್ವ ಎದ್ದು ರೇಣುಕಾಳ ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದಳು. ಬೆಲ್ಟನ್ನು ತಾನೇ ಎಳೆದು ತಂದಳು. ಟೊಂಕದ ಮೇಲೆ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದಳು. ಆಮೇಲೆ ಹಿಂದೆ ಹೋಗಿ, "ನನ್ನ ಪಟ್ಟಿ ಎಲ್ಲದ?" ಎಂದು ಕೇಳಿದಳು.

ಎಲ್ಲಿದೆ? ನಾವು ಹಾಕಿಸಿದ ಬಣ್ಣದ ಸೀಟ್ ಕವರಿನ ಅಡಿಯಲ್ಲಿ ಅದರ ಕೊಂಡಿ ಹೂತುಹೋಗಿತ್ತು. ಖಾಜಾಸಾಬ್ ಕವರಿಗೆ ಸೀಳು ಕೊಟ್ಟು ಹೊರತೆಗೆದರು. ಜೊತೆಗೆ ಶೇಂಗಾ ಸಿಪ್ಪೆ, ಒಂದು ಹೇರ್‌ಪಿನ್, ಯಾವುದೋ ಪರೀಕ್ಷೆಯಲ್ಲಿ ನಾನು ಕಳೆದುಕೊಂಡ ಪೆನ್ನಿನ ಕ್ಯಾಪ್ ಹೊರಬಂದವು. ನಾನೂ ಬೆನ್ನ ಹಿಂದಿನ ಬೆಲ್ಟನ್ನು ತೆಗೆದು ಎದೆಗೆ ಹಾಕಿಕೊಂಡೆ. ಸೀರೆ ಮುದುರಿತು. ಮುದುರಲಿ.

ಸಿರವಾರ ದಾಟಿ ಮಾನ್ವಿ ಕಡೆ ಹೊರಟಿದ್ದೆವು. ಬಿಸಿಲು ಇಳಿದಿತ್ತು. ಎಡಕ್ಕೆ ಭತ್ತದ ಗದ್ದೆ, ಬಲಕ್ಕೆ ಕುರಿ ಹಿಂಡು. ಹಿಂಡಿನ ಆಚೆಯಿಂದ ಒಂದು ಬೈಕು ನೇರ ನನ್ನ ಮುಂದೆ ಬಂತು. ಬ್ರೇಕ್ ಒತ್ತಿ ಎಡಕ್ಕೆ ತಿರುಗಿಸಿದೆ. ಬೈಕು ಪಾರಾಯಿತು. ಕಾರು ರಸ್ತೆ ಬಿಟ್ಟು ಇಳಿದು, ಗದ್ದೆಯ ಬದುವಿಗೆ ಧಡ್ ಎಂದು ಮೂತಿ ಗುದ್ದಿ ನಿಂತಿತು.

ಬೀಗಿತಿ ಕೊಟ್ಟಿದ್ದ ಕರ್ಚಿಕಾಯಿಯ ಸ್ಟೀಲ್ ಡಬ್ಬಿ ಹಿಂದಿನ ಸೀಟಿನ ಮೇಲಿತ್ತು. ಅದು ನನ್ನ ಮತ್ತು ರೇಣುಕಾಳ ನಡುವಿನಿಂದ ಹಾರಿ ಬಂದು ಡ್ಯಾಶ್‌ಬೋರ್ಡಿಗೆ ಬಡಿಯಿತು. ಕಾರಿನಲ್ಲಿ ಬೆಲ್ಟಿಲ್ಲದೆ ಇದ್ದದ್ದು ಅದೊಂದೇ. ರೇಣುಕಾ ಮುಂದಕ್ಕೆ ಬಾಗಿದಳು, ಅಲ್ಲೇ ನಿಂತಳು. ಯಾರೋ ಹಿಂದಿನಿಂದ ಭುಜ ಹಿಡಿದಂತೆ ಬೆಲ್ಟ್ ಅವಳನ್ನು ಹಿಡಿದಿತ್ತು. ಏರ್‌ಬ್ಯಾಗ್ ತೆರೆದುಕೊಂಡಿರಲಿಲ್ಲ.

ಕುರಿ ಕಾಯುವವರು ಓಡಿಬಂದರು. ರೇಣುಕಾಳನ್ನು ನೋಡಿ, ರುಮಾಲು ಬಿಚ್ಚಿ ಗಾಳಿ ಹಾಕತೊಡಗಿದರು. "ಮೊದಲು ದವಾಖಾನಿಗೆ ಒಯ್ರಿ ಯವ್ವಾ, ಉಳದಿದ್ದು ಆಮ್ಯಾಲ" ಎಂದರು.

ಬಂಪರ್ ಮುರಿದಿತ್ತು, ಆದರೆ ಕಾರು ಓಡುತ್ತಿತ್ತು. ರೇಣುಕಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಹೇಳಿದಳು, "ದೊಡ್ಡವ್ವಾ, ಕೂಸು ಅಲುಗಾಡಾಕತ್ತಿಲ್ಲ."

ನೇರ ಮಾನ್ವಿಯ ಆಸ್ಪತ್ರೆಗೆ ಹೊರಟೆ. ಅಷ್ಟು ಉದ್ದದ ರಸ್ತೆಯಲ್ಲಿ ನಾನು ಜೀವನದಲ್ಲಿ ಕಾರು ಓಡಿಸಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಕರಕರ ಸದ್ದು. ಸರಿಸಿದರು. ಮತ್ತೆ ಕರಕರ. ಇನ್ನೊಂದು ಕಡೆ ಇಟ್ಟರು. ಆಗ ಕೇಳಿಸಿತು. ದಡದಡ ದಡದಡ, ಕುದುರೆ ಓಡುವ ಹಾಗೆ. ಅವ್ವ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನೂ ಅತ್ತೆ, ಮುಚ್ಚಿಟ್ಟುಕೊಂಡು ಏನು ಮಾಡಲಿ?

ಡಾಕ್ಟರಮ್ಮ ರೇಣುಕಾಳ ಟೊಂಕದ ಮೇಲಿನ ಕೆಂಪು ಬರೆ ನೋಡಿದರು. "ಬೆಲ್ಟ್ ಎಲ್ಲಿರಬೇಕೋ ಅಲ್ಲೇ ಇತ್ತು. ಯಾರು ಹೇಳಿಕೊಟ್ರು?" ಎಂದು ಕೇಳಿದರು. ಒಂದು ದಿನ ನಿಗಾದಲ್ಲಿ ಇರಿಸಿಕೊಂಡು ಮನೆಗೆ ಕಳಿಸಿದರು.

ಖಾಜಾಸಾಬರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳುವ ಮೊದಲೇ, "ಕೂಸು?" ಎಂದರು. ಚೆನ್ನಾಗಿದೆ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಆಮೇಲೆ ನಾನೇ ಕೇಳಿದೆ, "ನೀವು ರಿಪೇರಿ ಮಾಡಿದ್ರೂ ಚೀಲ ಯಾಕ ಬಿಚ್ಚಲಿಲ್ಲ?"

"ಏಟು ಅಷ್ಟು ದೊಡ್ಡದಿರಲಿಲ್ಲ ಅಕ್ಕಾರ. ಬೆಲ್ಟೇ ಕೆಲಸಾ ಮುಗಿಸಿದ್ರ ಗಾಡಿ ಸುಮ್ನ ಚೀಲಕ್ಕ ಯಾಕ ತ್ರಾಸು ಕೊಡ್ತದ? ಅದು ಎದ್ದು ಕುಂತು ನೋಡಾಕತ್ತಿತ್ತು. ಅಷ್ಟ ಸಾಕು."

ಎದ್ದು ಕೂತು ನೋಡುತ್ತಿತ್ತು. ಈ ಮಾತು ನನಗೆ ಬಹಳ ಹಿಡಿಸಿತು. ನಾವು ಹಾಡು ಕೇಳುತ್ತಾ, ಬೀಗರ ಬಗ್ಗೆ ಮಾತಾಡುತ್ತಾ ಹೋಗುವಾಗ, ಕಾರಿನೊಳಗೆ ಯಾರೋ ಒಬ್ಬರು ನಮಗಾಗಿ ಕಣ್ಣುಮುಚ್ಚದೆ ಕೂತಿರುತ್ತಾರೆ. ಬೆಲ್ಟು, ಚೀಲ, ದೀಪ. ನಮಗೆ ಏನೂ ಆಗದ ದಿನ ಅವುಗಳ ನೆನಪೇ ಆಗುವುದಿಲ್ಲ. ಎಂಥ ತಾಳ್ಮೆ ಅವುಗಳದು. ಅವನ್ನು ಯೋಚಿಸಿ ಮಾಡಿದ ಎಂಜಿನಿಯರುಗಳಿಗೆ ದೊಡ್ಡ ನಮಸ್ಕಾರ. ಬಂದ ಗಿರಾಕಿಯನ್ನು ವಾಪಸ್ ಕಳಿಸಿದರೂ ಕ್ಲಿಪ್ ಮಾರದ, ಹೊಟ್ಟೆಗೆ ದಿಂಬು ತುರುಕಿಕೊಂಡು ಪಾಠ ಹೇಳುವ ಖಾಜಾಸಾಬರಿಗೆ ಅದಕ್ಕಿಂತ ದೊಡ್ಡ ನಮಸ್ಕಾರ.

ಈ ವಾರ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಸಂಜೆ ಅವರವರ ಕಾರು ಹತ್ತುವಾಗ ನಿಂತು ನೋಡಿದೆ. ಇಬ್ಬರು ಬೆಲ್ಟ್ ಹಾಕಿದರು. ಉಳಿದವರು ಇಲ್ಲೇ ಹತ್ತಿರ ತಾನೇ ಎಂದು ನಕ್ಕು ಹೊರಟರು.

ಇನ್ನೂ ಹುಟ್ಟದ ಕೂಸೇ ಬೆಲ್ಟ್ ಹಾಕಿಕೊಂಡು ಮಾನ್ವಿಗೆ ಹೋಗಿ ಸೇರಿದೆ, ಹುಟ್ಟಿ ಐವತ್ತು ವರ್ಷವಾದ ನಮಗೇನು ದಾಡಿ?