ಕನ್ನಡ ಚೀಟಿ ಮತ್ತು ಒಂದು ಅಪೀಲು

ಹೋದ ವಾರದ ಸೋಮವಾರ ನಾನು ಒಂದೇ ಕುರ್ಚಿಯಲ್ಲಿ ಕೂತು ಎರಡು ಕೆಲಸ ಮಾಡಿದೆ. ಒಬ್ಬ ವಿದ್ಯಾರ್ಥಿಯ ವಿರುದ್ಧ ಸಾಕ್ಷಿ ನಾನೇ. ಅವನ ತಂದೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ದುಭಾಷಿಯೂ ನಾನೇ.

ಇದು ಸರಿಯೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಮೈಸೂರು ಸೀಮೆ ಬಿಟ್ಟು ಬಂದು ಆರು ವರ್ಷದಿಂದ ಸೇಲಂನ ಕಾಲೇಜೊಂದರಲ್ಲಿ ಚರಿತ್ರೆ ಹೇಳಿಕೊಡುತ್ತಿರುವುದು ಈ ಅಂಕಣ ಓದುವವರಿಗೆ ಗೊತ್ತಿರುವ ಸಂಗತಿ. (ಕಾಲೇಜಿನ ಹೆಸರು ಇಲ್ಲಿ ಎಂದೂ ಬಂದಿಲ್ಲ. ಇನ್ನು ಮುಂದೆಯೂ ಬಾರದು. ನನಗೆ ಸಂಸಾರವಿದೆ, ಕೆಲಸ ಇನ್ನೂ ಖಾಯಂ ಆಗಿಲ್ಲ.)

ಕಳೆದ ತಿಂಗಳು ಇಂಟರ್‌ಮೀಡಿಯೆಟ್ ತರಗತಿಗೆ ಅರ್ಧವಾರ್ಷಿಕ ಪರೀಕ್ಷೆ. ಪರೀಕ್ಷಾ ಹಾಲಿನ ಕಾವಲು ನನ್ನದು. ಮೂರನೆಯ ಸಾಲಿನಲ್ಲಿ ರಾಮಲಿಂಗ ಎಂಬ ಹುಡುಗನ ಕಾಲ ಬಳಿ ಮಡಿಸಿದ ಚೀಟಿಯೊಂದು ಬಿದ್ದಿತ್ತು. ಎತ್ತಿ ಬಿಡಿಸಿದೆ. ಯುದ್ಧಗಳ ಹೆಸರು, ಎದುರಿಗೆ ಇಸವಿ. ಎಲ್ಲವೂ ಕನ್ನಡ ಅಕ್ಷರದಲ್ಲಿ.

ಉಪಾಯ ಚೆನ್ನಾಗಿತ್ತು. ನಮ್ಮ ಕಾಲೇಜಿನಲ್ಲಿ ಕನ್ನಡ ಓದಬಲ್ಲ ಮೇಷ್ಟರು ಎಷ್ಟು ಜನ? ನಾನೊಬ್ಬ. ಬೇರೆಯವರ ಕೈಗೆ ಸಿಕ್ಕಿದ್ದರೆ ಯಾರೋ ಊರಿಗೆ ಬರೆದ ಕಾಗದವೆಂದು ಕಿಟಕಿಯಾಚೆ ಎಸೆಯುತ್ತಿದ್ದರು.

ರಾಮಲಿಂಗ ಸೇಲಂನ ಗುಗೈ ಕಡೆಯ ನೇಕಾರರ ಮನೆಯವನು. ಮನೆಮಾತು ಕನ್ನಡ. ಆ ತರಗತಿಯಲ್ಲಿ ನನ್ನನ್ನು ಕಂಡರೆ ಕನ್ನಡದಲ್ಲಿ ಮಾತಾಡಿಸುತ್ತಿದ್ದವನು ಅವನೊಬ್ಬನೇ.

"ನಂದಲ್ಲ ಸಾರ್. ಅದೇನಂತ್ಲೂ ನಂಗೆ ಗೊತ್ತಿಲ್ಲ" ಎಂದ.

ಸಿಕ್ಕಿಬಿದ್ದವರೆಲ್ಲ ಹೇಳುವುದು ಇದನ್ನೇ ಅಲ್ಲವೇ? ರಿಪೋರ್ಟ್ ಬರೆದು ಸಹಿ ಹಾಕಿದೆ.

ಮಾರನೆಯ ದಿನ ಪ್ರಿನ್ಸಿಪಾಲರೂ ವೈಸ್ ಪ್ರಿನ್ಸಿಪಾಲರೂ ಕೂತು ವಿಚಾರಣೆ ನಡೆಸಿದರು. ಹತ್ತು ನಿಮಿಷ. ಹುಡುಗನ ತಂದೆಯನ್ನು ಕರೆಸಿರಲಿಲ್ಲ.

"ಇವನು ಕನ್ನಡ ಓದುತ್ತಾನೆಂದು ನಿಮಗೆ ಹೇಗೆ ಗೊತ್ತು?" ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು.

"ಅವನಿಗೆ ಒಂದು ಕನ್ನಡ ಪತ್ರಿಕೆ ಕೊಟ್ಟಿದ್ದೆ. ಅದರಲ್ಲಿ ನನ್ನ ಲೇಖನವಿತ್ತು. ಚೆನ್ನಾಗಿದೆ ಎಂದು ಹೇಳಿ ವಾಪಸು ಕೊಟ್ಟ."

ಹೌದು. ಇದೇ ಪತ್ರಿಕೆ. ಇದೇ ಅಂಕಣ.

ಪ್ರಿನ್ಸಿಪಾಲರು ಹುಡುಗನ ಕಡೆ ತಿರುಗಿ, ಇದು ನಿಜವೇ ಎಂದರು. ಅವನು ಹೌದೆಂದು ತಲೆಯಾಡಿಸಿದ. ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ನೋಟೀಸ್ ಬೋರ್ಡಿನಲ್ಲಿ ಅವನ ಹೆಸರಿತ್ತು, ಮುಂದೆ ಡಿಸ್ಮಿಸ್ ಎಂದಿತ್ತು. ಸರ್ಟಿಫಿಕೇಟಿನಲ್ಲಿ ನಡತೆಯ ಎದುರು ಕೆಂಪು ಶಾಯಿ ಬೀಳುತ್ತದೆ. ಆ ಶಾಯಿ ಕಂಡರೆ ಮದರಾಸಿನಲ್ಲಾಗಲಿ ತಿರುಚಿನಾಪಳ್ಳಿಯಲ್ಲಾಗಲಿ ಸೇರಿಸಿಕೊಳ್ಳುವವರಿಲ್ಲ. ಅವರ ಬೀದಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ಅವನು. ಮಗ್ಗದ ಕೆಲಸ ಕೀಳಲ್ಲ. ಆದರೆ ಕಳ್ಳನೆನಿಸಿಕೊಂಡು ಮಗ್ಗಕ್ಕೆ ಮರಳುವುದು ಬೇರೆ.

ಡಿಸ್ಮಿಸ್ ಆದವನಿಗೆ ಅಪೀಲಿನ ಹಕ್ಕುಂಟು. ನಿಯಮದ ಪುಸ್ತಕದಲ್ಲಿ ಅಚ್ಚಾಗಿದೆ. ಅಪೀಲು ಯಾರಿಗೆ? ಪ್ರಿನ್ಸಿಪಾಲರಿಗೆ. ಡಿಸ್ಮಿಸ್ ಮಾಡಿದವರು ಯಾರು? ಪ್ರಿನ್ಸಿಪಾಲರು. (ಹೊಸದೇನಲ್ಲ. ಖಾದಿ ಟೋಪಿ ಹಾಕಿಕೊಂಡು ಬಂದು ಹೊರಗೆ ಹೋದ ಹುಡುಗರ ಅಪೀಲುಗಳೂ ಅದೇ ಮೇಜಿನ ಮೇಲೆ ಬಿದ್ದು, ಅದೇ ಮೇಜಿನ ಮೇಲೆ ಸತ್ತವು.)

ಸೋಮವಾರ ರಾಮಲಿಂಗ ತನ್ನ ತಂದೆ ಚೌಡಯ್ಯನವರ ಜೊತೆ ಬಂದ. ಒಗೆದ ಪಂಚೆ, ಹೆಗಲ ಮೇಲೆ ತಾವೇ ನೇಯ್ದ ವಲ್ಲಿ. ಕೂರಿ ಎಂದು ಯಾರೂ ಹೇಳಲಿಲ್ಲ. ನಮ್ಮ ಪ್ರಿನ್ಸಿಪಾಲರು ಆಂಧ್ರದ ಕಡೆಯವರು, ಆಫೀಸಿನಲ್ಲಿ ಇಂಗ್ಲಿಷ್ ಬಿಟ್ಟರೆ ಬೇರೆ ಮಾತಿಲ್ಲ. "ತಂದೆ ತನ್ನ ಭಾಷೆಯಲ್ಲೇ ಹೇಳಲಿ, ನೀವು ತಿರುಗಿಸಿ" ಎಂದು ನನಗೆ ಅಪ್ಪಣೆಯಾಯಿತು.

ಚೌಡಯ್ಯ ಕೈ ಮುಗಿಯಲಿಲ್ಲ, ಅಳಲಿಲ್ಲ. ನನ್ನ ಕಡೆ ನೋಡಿ, "ಆ ಚೀಟೀನ ನಾನೂ ಒಂದ್ಸಲ ನೋಡ್ಬೋದಾ ಸಾಮಿ?" ಎಂದರು.

ಕೊಟ್ಟೆವು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕೊನೆಗೆ ತಲೆಕೆಳಗಾಗಿ ಹಿಡಿದು ನೋಡುತ್ತ ನಿಂತರು.

"ಇದು ಕನ್ನಡಾನಾ?"

"ಹೌದು."

"ನಮ್ ಮಾತು ಬರೆದ್ರೆ ಇಂಗಿರ್ತೈತಾ. ಇವತ್ತೇ ನೋಡಿದ್ದು ಸಾಮಿ." ಚೀಟಿಯನ್ನು ಮೇಜಿನ ಮೇಲಿಟ್ಟರು. "ನಮ್ಮನೇಲಿ ಕನ್ನಡ ಬಾಯಾಗೈತೆ, ಕೈಯಾಗಿಲ್ಲ. ನಮ್ಮಪ್ಪಂಗೂ ಬರ್ತಿರಲಿಲ್ಲ. ಪಳ್ಳಿಕೂಡದಾಗೆ ಇವನ್ಗೆ ಏಳ್ಕೊಟ್ಟಿದ್ದು ತಮಿಳು ಅಕ್ಸರ, ಇಂಗ್ಲೀಸ್ ಅಕ್ಸರ. ಕನ್ನಡ ಅಕ್ಸರ ಯಾರು ಏಳ್ಕೊಟ್ರು? ನೀವೇ ಏಳಿ."

ನಾನು ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡೆ.

ಆರು ವರ್ಷದಿಂದ ಗುಗೈ ಬೀದಿಗಳಲ್ಲಿ ಓಡಾಡಿದ್ದೇನೆ. ಕಿವಿಗೆ ಕನ್ನಡ ಬೀಳುತ್ತದೆ ಎಂದು ಸಂತೋಷಪಟ್ಟು ಇದೇ ಅಂಕಣದಲ್ಲಿ ಬರೆದೂ ಇದ್ದೇನೆ. ಕಣ್ಣಿಗೆ ಎಂದಾದರೂ ಬಿದ್ದಿತ್ತೇ? ಅಂಗಡಿಯ ಬೋರ್ಡು ತಮಿಳು. ಮದುವೆಯ ಕರೆಯೋಲೆ ತಮಿಳು. ಮಾತಾಡುವವನು ಓದಿಯೇ ಓದುತ್ತಾನೆ ಎಂದು ನನಗೆ ಹೇಳಿದವರಾರು? ಯಾರೂ ಇಲ್ಲ. ನಾನೇ ಹೇಳಿಕೊಂಡಿದ್ದೆ.

"ಏನಂತೆ?" ಎಂದರು ಪ್ರಿನ್ಸಿಪಾಲರು.

ತಿರುಗಿಸಿ ಹೇಳಿದೆ. ವೈಸ್ ಪ್ರಿನ್ಸಿಪಾಲರು ನಕ್ಕರು. "ಓದು ಬಾರದೆಂದು ಯಾರು ಬೇಕಾದರೂ ಹೇಳಬಹುದು. ಬರುತ್ತದೆ ಎಂಬುದಕ್ಕೆ ನಿಮ್ಮ ಸಾಕ್ಷಿಯೇ ಇದೆಯಲ್ಲ."

ಅದೂ ನಿಜ. ಬರುವುದನ್ನು ತೋರಿಸಬಹುದು. ಬಾರದ್ದನ್ನು ತೋರಿಸುವುದು ಹೇಗೆ?

ನಾನು ಹುಡುಗನ ಕಡೆ ತಿರುಗಿದೆ. "ರಾಮಲಿಂಗ, ನಾನು ಕೊಟ್ಟ ಪತ್ರಿಕೆಯಲ್ಲಿ ಏನು ಬರೆದಿದ್ದೆ?"

ಅವನು ತಂದೆಯ ಮುಖ ನೋಡಿದ. ನೆಲ ನೋಡಿದ.

"ಓದ್ಲಿಲ್ಲ ಸಾರ್. ಓದಾಕೆ ಬರಾಕಿಲ್ಲ. ನೀವು ಆಸೆಯಿಂದ ಕೊಟ್ರಿ. ಕನ್ನಡದೋನಾಗಿ ಕನ್ನಡ ಬರಾಕಿಲ್ಲ ಅನ್ನಾಕೆ ನಾಚ್ಕೆ ಆಯ್ತು. ಚೆನ್ನಾಗೈತೆ ಅಂದ್ಬುಟ್ಟೆ."

"ಅವತ್ತೇ ಯಾಕ್ಲಾ ಏಳ್ಲಿಲ್ಲ?" ಚೌಡಯ್ಯನವರ ದನಿ ಮೊದಲ ಸಲ ಏರಿತು.

"ಸಾರ್ ತಾವ ಒಂದು ಸುಳ್ಳು ಏಳಿದ್ದೆ ಅಂತ ಒಪ್ಕೊಂಡ್ರೆ, ಚೀಟಿ ನಂದಲ್ಲ ಅಂದಿದ್ದೂ ಸುಳ್ಳೇ ಅಂತಿದ್ರಪ್ಪ."

ಹುಡುಗನ ತರ್ಕದಲ್ಲಿ ತಪ್ಪೇನಾದರೂ ಇದೆಯೇ? ನಾನೇ ಹಾಗೆ ಅಂದಿರುತ್ತಿದ್ದೆ.

ಇದನ್ನೀಗ ಇಂಗ್ಲಿಷಿನಲ್ಲಿ ಹೇಳಬೇಕಾದವನು ನಾನು. ಆ ಕೋಣೆಯಲ್ಲಿ ಎರಡು ಭಾಷೆಯೂ ಪೂರ್ತಿ ಬಲ್ಲವನು ನಾನೊಬ್ಬನೇ. ಅರ್ಧ ಹೇಳಿ ಸುಮ್ಮನಾಗಿದ್ದರೆ ಹುಡುಗನಿಗೆ ತಿಳಿಯುತ್ತಿತ್ತು, ಆದರೆ ಅವನ ಮಾತು ಯಾರಿಗೆ ಬೇಕಾಗಿತ್ತು? ಮಾರ್ಚಿನಲ್ಲಿ ನನ್ನ ಕೆಲಸ ಖಾಯಂ ಆಗುವ ಕಾಗದಕ್ಕೆ ಸಹಿ ಹಾಕಬೇಕಾದವರು ಎದುರಿಗೇ ಕೂತಿದ್ದಾರೆ. ಇದೆಲ್ಲ ನನ್ನ ತಲೆಯಲ್ಲಿ ಬಂದು ಹೋಯಿತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಒಂದು ಮಾತೂ ಬಿಡದೆ ಹೇಳಿದೆ. ಕೊನೆಗೆ ನನ್ನದೂ ಸೇರಿಸಿದೆ. "ನನ್ನ ಸಾಕ್ಷಿ ತಪ್ಪು. ಚೀಟಿಯನ್ನು ಅವನ ಕೈಯಲ್ಲಿ ನಾನು ನೋಡಿಲ್ಲ. ನೆಲದ ಮೇಲೆ ನೋಡಿದ್ದು."

ಪ್ರಿನ್ಸಿಪಾಲರು ರಿಪೋರ್ಟನ್ನು ನನ್ನ ಕಡೆ ತಳ್ಳಿದರು. "ಇಲ್ಲಿ ನಿಮ್ಮ ಸಹಿ ಇದೆ."

"ಇದೆ ಸರ್. ವಿಚಾರಿಸದೆ ಹಾಕಿದ ಸಹಿ."

"ಹಾಗಾದರೆ ಚೀಟಿ ಬರೆದವರು ಯಾರು?"

ರಾಮಲಿಂಗನ ಹಿಂದಿನ ಬೆಂಚಿನಲ್ಲಿ ಮೈಸೂರು ಕಡೆ ಹೈಸ್ಕೂಲು ಮುಗಿಸಿ ಬಂದ ಹುಡುಗನೊಬ್ಬ ಕೂತಿದ್ದ. ಏರ್ಕಾಡಿನ ಕಾಫಿ ತೋಟವೊಂದರ ಮ್ಯಾನೇಜರು ಅವನ ಸೋದರಮಾವ. ನನ್ನೊಡನೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವವನು. ಅವನನ್ನು ಯಾರೂ ಕೇಳಿರಲಿಲ್ಲ. ಅವನ ಹೆಸರು ನನ್ನ ನಾಲಿಗೆಯ ತುದಿಗೆ ಬಂತು.

ನುಂಗಿಕೊಂಡೆ. 'ಹತ್ತಿರ ಕೂತಿದ್ದ, ಕನ್ನಡ ಬರುತ್ತದೆ' ಎಂಬ ಸಾಕ್ಷಿಯ ಮೇಲೆ ಒಬ್ಬನನ್ನು ಹೊರಗೆ ಹಾಕಿಸಿ ಆಗಿದೆ. ಇನ್ನೊಬ್ಬನೇ?

"ಗೊತ್ತಿಲ್ಲ ಸರ್. ಮೊದಲ ದಿನವೇ ಇಡೀ ಹಾಲನ್ನು ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು."

ನಮ್ಮನ್ನು ಹೊರಗೆ ಕಳಿಸಿದರು. ವರಾಂಡದ ಬೆಂಚಿನಲ್ಲಿ ಮೂವರೂ ಕೂತೆವು. ಒಂದು ಪೀರಿಯಡ್ಡಿನ ಗಂಟೆ ಹೊಡೆಯಿತು, ಇನ್ನೊಂದು ಹೊಡೆಯಿತು. ಹುಡುಗರು ನಮ್ಮನ್ನು ನೋಡಿಕೊಂಡೇ ಹೋಗುತ್ತಿದ್ದರು.

ಚೌಡಯ್ಯ ತಗ್ಗಿದ ದನಿಯಲ್ಲಿ ಕೇಳಿದರು. "ಬೇಜಾರಾಗ್ಬೇಡಿ ಸಾಮಿ. ನಾವು ಏಳಿದ್ನೆಲ್ಲ ಅಂಗೇ ಏಳಿದ್ರಾ? ಇಂಗ್ಲೀಸ್ ನಂಗೆ ತಿಳಿಯಾಕಿಲ್ಲ."

"ಹೇಳಿದೆ."

ಅವರು ಮಗನ ಕಡೆ ನೋಡಿದರು. ಮಗ ತಲೆಯಾಡಿಸಿದ ಮೇಲೆ ನನ್ನನ್ನು ನಂಬಿದರು. ತಪ್ಪೇನು? ನಾನು ಅವರ ಜಾಗದಲ್ಲಿದ್ದರೆ ಆಗಲೂ ನಂಬುತ್ತಿರಲಿಲ್ಲ.

ಜವಾನ ಬಂದು ಕರೆದ. ಆರೋಪಕ್ಕೆ ಸಾಕಷ್ಟು ಪುರಾವೆ ಇಲ್ಲದ ಕಾರಣ ಡಿಸ್ಮಿಸ್ ರದ್ದು. ಹುಡುಗ ತರಗತಿಗೆ ಬರಬಹುದು. ಚೌಡಯ್ಯ ವಲ್ಲಿಯಿಂದ ಒಮ್ಮೆ ಮುಖ ಒರೆಸಿಕೊಂಡರು. ತಪ್ಪಾಯಿತು ಎಂದು ಮೇಜಿನ ಆ ಕಡೆಯಿಂದ ಯಾರೂ ಹೇಳಲಿಲ್ಲ. ತಂದೆ ಮಗ ಇಬ್ಬರೂ ಅದಕ್ಕೆ ಕಾದಂತೆ ಕಾಣಲಿಲ್ಲ.

ಅವರು ಹೊರಟ ಮೇಲೆ ನಾನು ಕೇಳಿದೆ. "ಡಿಸ್ಮಿಸ್ ಆದದ್ದು ಬೋರ್ಡಿನಲ್ಲಿತ್ತು. ರದ್ದಾದದ್ದನ್ನೂ ಹಾಕಬಹುದಲ್ಲವೇ ಸರ್?"

"ಕಾಲೇಜು ತನ್ನ ವಿರುದ್ಧ ತಾನೇ ನೋಟೀಸ್ ಹಾಕುವುದಿಲ್ಲ" ಎಂದು ಪ್ರಿನ್ಸಿಪಾಲರು ಮುಂದಿನ ಫೈಲು ತೆಗೆದರು.

ಬುಧವಾರದಿಂದ ರಾಮಲಿಂಗ ಬರುತ್ತಿದ್ದಾನೆ. ಜೊತೆಯ ಹುಡುಗರು ಅವನಿಗೆ 'ಚೀಟಿ' ಎಂದು ಹೆಸರಿಟ್ಟಿದ್ದಾರೆ. ಅವರಿಗೇನು ಗೊತ್ತು? ಅವರು ಓದಿದ್ದು ಬೋರ್ಡನ್ನು, ಫೈಲನ್ನಲ್ಲ. ಹಿಂದಿನ ಬೆಂಚಿನವನು ಹಿಂದಿನ ಬೆಂಚಿನಲ್ಲೇ ಇದ್ದಾನೆ. ವಿಚಾರಣೆ ಮುಗಿದಿದೆಯಂತೆ.

ಶುಕ್ರವಾರ ಪಾಠವಾದ ಮೇಲೆ ರಾಮಲಿಂಗನನ್ನು ನಿಲ್ಲಿಸಿಕೊಂಡೆ. ತಪ್ಪು ನನ್ನದು ಎಂದು ಕನ್ನಡದಲ್ಲಿ ಹೇಳಿದೆ. ಅವನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಕೇಳಿದ. "ಯೆಸ್ ಸಾರ್" ಎಂದ. ನನ್ನೊಡನೆ ಈಗ ಅವನದು ಇಂಗ್ಲಿಷ್ ಮಾತ್ರ.

ನನಗೆ ಶಿಕ್ಷೆಯೇನು ಎಂದು ಕೇಳುತ್ತೀರಾ? ಒಂದು ಮೆಮೊ ಕೂಡ ಬಂದಿಲ್ಲ. ಹಾಲಿನ ಕಾವಲು ಮುಂದಿನ ಪರೀಕ್ಷೆಗೂ ನನ್ನದೇ.

ತಪ್ಪು ಹುಡುಗನದಾದರೆ ಬೋರ್ಡಿಗೆ, ನಮ್ಮದಾದರೆ ಫೈಲಿಗೆ. ಇದಕ್ಕೆ ಶಿಸ್ತು ಎಂದು ಹೆಸರಿಟ್ಟವರು ಯಾರು?